ಷಡ್ಡಕರ ನಾಲೆ ಆಟ

ನಮ್ಮ ಷಡ್ಡಕರ ಅಂಗೈ ಎಷ್ಟು ಅಗಲವಾಗಿತ್ತೆಂದರೆ, ಅದರೊಳಗೆ ಹೋದ ದಾಳ ಮತ್ತೆ ಹೊರಗೆ ಬೀಳುವವರೆಗೆ ಅದು ಇದೆ ಎಂಬುದನ್ನು ನಂಬಿಕೆಯ ಮೇಲೆಯೇ ಒಪ್ಪಿಕೊಳ್ಳಬೇಕಾಗಿತ್ತು. ಕಬ್ಬಿನ ಸೋಗೆ ಗೀರಿ ಗೀರಿ ಆ ಅಂಗೈ ಹಳೆಯ ಮೆಟ್ಟಿನ ಅಟ್ಟೆಯಂತಾಗಿತ್ತು. ಹೊಸ ಆಟದ ಪೆಟ್ಟಿಗೆಗಳಲ್ಲಿ ಬರುತ್ತವಲ್ಲ, ಕಡಲೆಬೇಳೆ ಗಾತ್ರದ ಮರದ ಕಾಯಿಗಳು, ಅವುಗಳನ್ನು ಅವರು ಎತ್ತಿಡುವುದು ನೋಡುವಂತಿರುತ್ತಿತ್ತು. ಕುರಿಯ ಕಿವಿಯಿಂದ ಉಣುಗು ಕೀಳುವವರ ಹಾಗೆ ಉಸಿರು ಬಿಗಿಹಿಡಿದು, ಎರಡು ಉಗುರಿನ ನಡುವೆ ಹಿಡಿದು ಎತ್ತುತ್ತಿದ್ದರು. ಇಟ್ಟ ಮೇಲೆ ಪಂಚೆಗೆ ಬೆರಳು ಒರೆಸಿಕೊಳ್ಳುತ್ತಿದ್ದರು.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕಾನೂನಿನಲ್ಲಿ ಈ ಸಂಬಂಧಕ್ಕೆ ಹಕ್ಕೂ ಇಲ್ಲ, ಬಾಧ್ಯತೆಯೂ ಇಲ್ಲ. ಒಂದೇ ಮಾವನ ಮನೆಯಲ್ಲಿ ಬೇರೆ ಬೇರೆ ಕಾಲಕ್ಕೆ ಸಿಕ್ಕಿಬಿದ್ದ ಇಬ್ಬರು ಸಹ ಆರೋಪಿಗಳು, ಅಷ್ಟೆ. ಅವರು ಮಳವಳ್ಳಿಯ ಕಡೆ ಹಳ್ಳಿಯಲ್ಲಿ ಕಬ್ಬು, ರಾಗಿ ಮತ್ತು ಒಂದಷ್ಟು ಬಂಡೂರು ಕುರಿ ಇಟ್ಟುಕೊಂಡಿದ್ದವರು. ನಾನು ಮಂಡ್ಯದ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ದೊಡ್ಡದೊಂದು ಪೆಟ್ಟಿಗೆ ಕೊಟ್ಟರು. ವಾಡಿಕೆಯಂತೆ ಗೋಡೆ ಗಡಿಯಾರವಿರಬೇಕೆಂದು ಮನೆಗೆ ತಂದು ಒಡೆದರೆ, ಒಳಗೊಂದು ದ್ವೀಪವಿತ್ತು. ದ್ವೀಪದ ತುಂಬ ಗದ್ದೆ, ಗಣಿ, ಕುರಿಹಟ್ಟಿ. ಹಲಗೆಯ ಮೇಲೆ ಹರಡಿ ಆಡುವ ಆ ಆಟದ, ಇಂಗ್ಲಿಷಿನಲ್ಲಿ ಬರೆದ ನಿಯಮಾವಳಿಯನ್ನು ನಾನು ಅಂದು ಸಂಜೆ ಕೆಳಗೆರೆ ಎಳೆದು ಓದಿದೆ. ಮೂವತ್ತು ಚಿಲ್ಲರೆ ವರ್ಷ ಅನ್ಯರ ವ್ಯಾಜ್ಯ ಓದಿದವನಿಗೆ ಅದು ಪರಮಾನ್ನದಂತಿತ್ತು. ಹಾಗೆ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಮನೆಯ ಬೀರುವಿನಲ್ಲಿ ಸೀರೆಗಿಂತ ಆಟದ ಪೆಟ್ಟಿಗೆ ಹೆಚ್ಚಾದ ದಿನ ನನ್ನ ಹೆಂಡತಿ ಬೀರುವಿನ ಬೀಗದಕೈ ತನ್ನ ವಶಕ್ಕೆ ತೆಗೆದುಕೊಂಡಳು.

ಆಮೇಲೆ ಪಾಡ್‌ಕಾಸ್ಟ್ ಬಂತು. ಗೊತ್ತಿಲ್ಲದವರ ಗಮನಕ್ಕೆ: ರೇಡಿಯೋದವರು ಕರೆಯದಿದ್ದರೂ ಮನೆಯಲ್ಲೇ ಕೂತು ಭಾಷಣ ಮಾಡಿ, ಅದನ್ನು ಫೋನಿನ ಮೂಲಕ ಲೋಕಕ್ಕೆಲ್ಲ ಹಂಚುವ ಏರ್ಪಾಟಿಗೆ ಪಾಡ್‌ಕಾಸ್ಟ್ ಎನ್ನುತ್ತಾರೆ. ನನ್ನದರ ಹೆಸರು ‘ಆಟದ ಕಟಕಟೆ’. ಹೊಸದಾಗಿ ಬಂದ ಆಟವೊಂದನ್ನು ಕಟಕಟೆಗೆ ಹತ್ತಿಸಿ, ವಾದ ಆಲಿಸಿ, ತೀರ್ಪು ಕೊಡುವುದು. ಮೊದಮೊದಲು ವಾದಿ, ಪ್ರತಿವಾದಿ, ನ್ಯಾಯಾಧೀಶ ಎಲ್ಲ ನಾನೇ ಆಗಿದ್ದೆ. ಕೇಳುವವರೂ ಸುಮಾರಾಗಿ ನಾನೇ.

ಒಂದು ಭಾನುವಾರ ಷಡ್ಡಕರು ಮಂಡ್ಯಕ್ಕೆ ಬಂದಿದ್ದವರು ಆಟಕ್ಕೆ ಕೂತರು. ಮೈಕು ಇಟ್ಟಿದ್ದೆನೆಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ದ್ವೀಪದ ಆಟದಲ್ಲಿ ಒಂದು ಕುರಿ ಕೊಟ್ಟರೆ ಒಂದು ಇಟ್ಟಿಗೆ ಸಿಗುತ್ತದೆ ಎಂದು ನಾನು ವಿವರಿಸಿದೆ. ಅವರು ಕೈಲಿದ್ದ ಕುರಿಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಕುರಿ ಕೊಟ್ಟು ಇಟ್ಗೆ ಈಸ್ಕಳದಾ? ಇದ್ನ ಮಾಡ್ದೋನು ಜಲ್ಮದಲ್ಲಿ ಕುರಿ ಮುಖ ನೋಡಿಲ್ಲ ಕಣ್ಲಾ!”

ಆ ಸಂಚಿಕೆಯನ್ನು ಜನ ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡು ಕೇಳಿದರು. ಮುಂದಿನ ವಾರದಿಂದ ಷಡ್ಡಕರು ಕಟಕಟೆಯ ಕಾಯಂ ನ್ಯಾಯಮೂರ್ತಿಗಳಾದರು. ಮಳವಳ್ಳಿಯಿಂದ ಬಸ್ಸಿನಲ್ಲಿ ಹೊರಟು, ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ನಮಗೆಂದು ವಡೆ ಕಟ್ಟಿಸಿಕೊಳ್ಳುತ್ತಿದ್ದರು. ನಮ್ಮ ಮನೆ ತಲುಪುವ ಹೊತ್ತಿಗೆ ಪೊಟ್ಟಣ ಮಾತ್ರ ಉಳಿದಿರುತ್ತಿತ್ತು. “ಬಿಸಿ ಆರೋಯ್ತಿತ್ತು ಕಣಮ್ಮ, ಆರಿದ್ದು ನಿಮ್ಗ್ಯಾಕೆ” ಎಂದು ನನ್ನ ಹೆಂಡತಿಗೆ ಸಮಜಾಯಿಷಿ ಕೊಡುತ್ತಿದ್ದರು.

ಅವರ ತೀರ್ಪುಗಳು ಚುಟುಕಾಗಿರುತ್ತಿದ್ದವು. ನಲವತ್ತು ಪುಟದ ನಿಯಮಗಳಿದ್ದ, ನಾನು ಮೆಚ್ಚಿ ತರಿಸಿದ್ದ ಆಟಕ್ಕೆ ಅವರು ಹೇಳಿದ್ದು: “ಇದು ಆಟ ಅಲ್ಲ, ನಿನ್ ಕೋರ್ಟು. ಬರೀ ವಾಯ್ದೆ. ನನ್ ಸರದಿ ಬರಗಂಟ ಕಬ್ಬು ಕಟಾವಿಗ್ ಬತ್ತದೆ.” ಎಲ್ಲರೂ ಒಂದೇ ಪಕ್ಷವಾಗಿ, ಸೇರಿ ಗೆಲ್ಲುವ ಅಥವಾ ಸೇರಿ ಸೋಲುವ ಹೊಸ ಬಗೆಯ ಆಟಗಳು ಈಗ ಬಹಳ ಬರುತ್ತಿವೆ. ಅದರಲ್ಲೊಂದನ್ನು ಗೆದ್ದ ಮೇಲೆ ಅವರು ಮಂಕಾಗಿ ಕೂತರು. “ಎಲ್ರೂ ಗೆದ್ರೆ ಇನ್ಯಾರ್ನ ರೇಗ್ಸದ್ಲಾ? ಈ ಸುಖುಕ್ಕೆ ಗೆಲ್ಬೇಕಾ?”

ನಿವೃತ್ತ ಶಿರಸ್ತೇದಾರನೊಬ್ಬ ತನ್ನ ಸ್ವಂತ ನ್ಯಾಯಾಲಯದಲ್ಲಿ ‘ಲಾ’ ಎನಿಸಿಕೊಳ್ಳುವುದು ಲೋಕವೆಲ್ಲ ಕೇಳುತ್ತಿತ್ತು. ನನಗೆ ಒಳಗೊಳಗೆ ಅದೇ ಹಿತವಾಗಿತ್ತು. ಕೋರ್ಟಿನಲ್ಲಿ ನನ್ನನ್ನು ಯಾರೂ ಅಷ್ಟು ಹತ್ತಿರಕ್ಕೆ ಬಿಟ್ಟುಕೊಂಡಿರಲಿಲ್ಲ.

ಒಮ್ಮೆ ಕೊತ್ತತ್ತಿಯ ಕಡೆಯ ಉಪನ್ಯಾಸಕರೊಬ್ಬರು ತಾವೇ ಮಾಡಿದ ಎಲೆಯಾಟವೊಂದನ್ನು ಕಳಿಸಿದರು. ಬಸ್ಸಿನಲ್ಲಿ ಸೀಟು ಹಿಡಿಯುವ ಆಟ. ಷಡ್ಡಕರು ಎರಡು ಸಲ ಆಡಿ, “ಇಸ್ಪೀಟಿಗೆ ಬಸ್ಸಿನ್ ಪಟ ಅಂಟ್ಸವ್ನೆ. ಟಿಕೇಟು ಅರ್ದು ಇಳಿಸ್ಬುಡು” ಎಂದರು. ಅದು ಹಾಗೆಯೇ ಪ್ರಸಾರವಾಯಿತು. ಮುಂದಿನ ಭಾನುವಾರ ಉಪನ್ಯಾಸಕರು ಬಾಗಿಲಲ್ಲಿ ನಿಂತಿದ್ದರು. ಜಗಳಕ್ಕೇ ಬಂದರೆಂದು ನಾನು ಮೈಕು ಆರಿಸಿದೆ. ಷಡ್ಡಕರು ಮಾತ್ರ ಚಾಪೆ ಸರಿಸಿ, “ಬಾ ಕೂತ್ಕೊ, ನಿಂಗಾಗೇ ಕಾಯ್ತಿದ್ದೆ” ಎಂದು ಪಕ್ಕದಲ್ಲೇ ಕೂರಿಸಿಕೊಂಡರು. ಸಂಜೆಯವರೆಗೆ ಇಬ್ಬರೂ ಎಲೆಗಳನ್ನು ಹರಡಿಕೊಂಡು ಕಚ್ಚಾಡಿದರು. ಉಪನ್ಯಾಸಕರು ಅರ್ಧದಷ್ಟು ಎಲೆಗಳನ್ನು ಅಲ್ಲೇ ಬಿಸಾಕಿ, ನಗುತ್ತ ಹೋದರು.

“ಅಣ್ಣ, ಅವತ್ತು ಅಷ್ಟು ಖಾರವಾಗಿ ಅನ್ನಬಾರದಿತ್ತು” ಎಂದೆ.

“ಅಂದಿದ್ಕೇ ಬಂದ. ಚೆನ್ನಾಗದೆ ಅಂದಿದ್ರೆ ಅವ್ನ್ ಮನೇಲೇ ಇರೋನು. ಚೆನ್ನಾಗದೆ ಅನ್ನದು ಗುರ್ತಿಲ್ದೋರ್ಗೆ ಕಣ್ಲಾ, ನಮ್ಮೋರ್ಗಲ್ಲ.”

ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಕೇಳಿದವನೇ ನಾನು. ಆದ್ದರಿಂದ ಮುಂದೆ ನಡೆದದ್ದಕ್ಕೆ ಅಜ್ಞಾನವನ್ನು ಕಾರಣವಾಗಿ ಹೇಳುವಂತಿಲ್ಲ.

ಆ ಸಲದ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಷಡ್ಡಕರು ಅತ್ತಿಗೆಯವರನ್ನು, ಅಂದರೆ ನನ್ನ ಹೆಂಡತಿಯ ಅಕ್ಕನನ್ನು, ಕರೆದುಕೊಂಡು ಬಂದರು. ಒಂದು ಕೈಯಲ್ಲಿ ತಮ್ಮದೇ ಹಟ್ಟಿಯ ಮರಿಯ ಬಾಡು, ಇನ್ನೊಂದು ಕಂಕುಳಲ್ಲಿ ಹಳೆ ಪಂಚೆಯಲ್ಲಿ ಸುತ್ತಿದ ಹಲಗೆ. ಹಲಗೆಯನ್ನು ಮಗುವನ್ನು ಇಳಿಸುವಂತೆ ಇಳಿಸಿ ಪಂಚೆ ಬಿಚ್ಚಿದರು. ಪ್ಲೈವುಡ್ಡಿನ ಮೇಲೆ ಗೇಟಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣದಲ್ಲಿ ಉದ್ದಕ್ಕೊಂದು ನಾಲೆ, ಅದರ ಪಕ್ಕಕ್ಕೆ ನಾಲ್ಕು ಗದ್ದೆ. ಪ್ರತಿ ಗದ್ದೆಗೂ ಬೆಂಕಿಕಡ್ಡಿಯ ತೂಬು, ನೀರಿಗೆ ಹುಣಸೆಬೀಜ.

“ನಾನೇ ಮಾಡಿದ್ದು. ನಾಲೆ ಆಟ” ಎಂದರು. ಆಮೇಲೆ ಅವರಿಗೆ ಅಭ್ಯಾಸವಿಲ್ಲದ ಸಣ್ಣ ದನಿಯಲ್ಲಿ, “ಕಟಕಟೆಗ್ ಅತ್ಸು. ಬ್ಯಾರೇವ್ರಿಗ್ ಮಾಡ್ದಂಗೇ ಮಾಡು” ಎಂದರು.

ಅತ್ತಿಗೆಯವರು, “ಮೂರು ತಿಂಗ್ಳಿಂದ ಇದೇಯ. ಕುರಿ ಅರ್ಚಿದ್ರೂ ತಿರುಗಿ ನೋಡಿಲ್ಲ” ಎಂದರು.

ಅಡುಗೆಮನೆಯಲ್ಲಿ ನನ್ನ ಹೆಂಡತಿ ಮಸಾಲೆ ರುಬ್ಬುತ್ತಲೇ ನನ್ನನ್ನು ತಡೆದಳು. “ಇವತ್ತು ತೊಡಕು. ಇವತ್ತು ಏನ್ ಮಾಡ್ತೀವೋ ವರ್ಷೆಲ್ಲಾ ಅದೇ ನಡೀತದೆ. ಬಾವನ ಆಟುಕ್ಕೆ ನಿಮ್ ನಾಲ್ಗೆ ಹರೀಬುಟ್ಟು, ನಮ್ಮಕ್ಕ ಮುನಿಸ್ಕೊಂಡ್ರೆ ನೋಡಿ ಮತ್ತೆ.” ಹೊಸತೊಡಕಿನ ದಿನ ಮನೆಯಲ್ಲಿ ಜಗಳ, ಬೈಗುಳ ಕೂಡದೆಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಶಾಸನ. ನಾನು ತಲೆಯಾಡಿಸಿದೆ.

ನಾಲ್ವರೂ ಕೂತೆವು. ನಿಯಮ ಸರಳವಾಗಿತ್ತು. ನಿಮ್ಮ ಸರದಿ ಬಂದಾಗ ನಿಮ್ಮ ತೂಬು ಎತ್ತಬಹುದು, ಇಲ್ಲವೇ ಇನ್ನೊಬ್ಬರ ತೂಬು ಮುಚ್ಚಬಹುದು. ತೂಬು ತೆರೆದಿದ್ದಷ್ಟು ಹೊತ್ತು ನಾಲೆಯ ಬೀಜಗಳು ಮೇಲಿನ ಗದ್ದೆಯಿಂದ ಶುರುವಾಗಿ ಒಂದೊಂದಾಗಿ ಒಳಗೆ ಬರುತ್ತವೆ. ಯಾರ ಗದ್ದೆ ಮೊದಲು ತುಂಬುತ್ತದೋ ಅವರು ಗೆದ್ದರು. ಕೇಳುವುದಕ್ಕೆ ಚೆನ್ನ. ಆದರೆ ಒಬ್ಬರು ಎತ್ತಿದ ತಕ್ಷಣ ಉಳಿದ ಮೂವರಲ್ಲಿ ಒಬ್ಬರು ಮುಚ್ಚುತ್ತಿದ್ದರು. ಊಟದ ಹೊತ್ತಿಗೆ ಯಾರ ಗದ್ದೆಯೂ ತುಂಬಿರಲಿಲ್ಲ. ಊಟವಾದ ಮೇಲೂ ತುಂಬಲಿಲ್ಲ.

“ಯಾಕಕ್ಕ ನಂದೇ ಮುಚ್ತೀಯ?”

“ನೀನು ನಂದ್ ಮುಚ್ಲಿಲ್ವೇನೆ?”

“ಅದು ಬೆಳಿಗ್ಗೆ!”

ಬಾಡೂಟದ ಭಾರಕ್ಕೆ ನನಗೆ ಜೊಂಪು ಹತ್ತುತ್ತಿತ್ತು. ಆ ಜೊಂಪಿನಲ್ಲೇ ಆಟದ ರೋಗವೂ ಮದ್ದೂ ಹೊಳೆದವು. ಒಮ್ಮೆ ಮುಚ್ಚಿದವರು ಮತ್ತೆ ಮುಚ್ಚುವ ಮುಂಚೆ ತಮ್ಮ ತೂಬನ್ನು ಎತ್ತಲೇಬೇಕೆಂದು ಒಂದು ಸಾಲು ಸೇರಿಸಿದರೆ ಸಾಕು, ನೀರು ಹರಿಯುತ್ತದೆ, ಆಟ ಮುಗಿಯುತ್ತದೆ. ಬಾಯಿ ತೆರೆದೆ. ಅಡುಗೆಮನೆಯ ಶಾಸನ ನೆನಪಾಯಿತು. ಷಡ್ಡಕರು ನಾಲೆಯ ಮೇಲೆ ಬಗ್ಗಿ, ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ.

ಮಳವಳ್ಳಿಯ ಬಸ್ಸಿಗೆ ಹೊತ್ತಾಯಿತೆಂದು ಆಟ ನಿಂತಿತು. ಮೈಕು ಹಾಕಿ ನಾನು ತೀರ್ಪು ಓದಿದೆ. ಅಪೂರ್ವ ಪ್ರಯತ್ನ ಎಂದೆ. ಮಣ್ಣಿನ ಸೊಗಡು ಎಂದೆ. ಕಟಕಟೆಗೆ ಇದು ಹೆಮ್ಮೆಯ ಗಳಿಗೆ ಎಂದೆ. ಶಾಲು ಹಾರವೊಂದು ಬಾಕಿ, ಸನ್ಮಾನ ಸಮಾರಂಭದ ಮಾತೆಲ್ಲ ಮುಗಿಯಿತು. ಷಡ್ಡಕರು ಮೈಕಿನ ಕಡೆಯೇ ನೋಡುತ್ತ ಕೂತಿದ್ದರು.

“ಅಷ್ಟೇಯಾ?”

“ಅಷ್ಟೇ ಅಣ್ಣ. ಬಹಳ ಚೆನ್ನಾಗಿದೆ.”

“ಸರಿ” ಎಂದು ಬೀಜಗಳನ್ನು ಬಾಚಿ ಅಂಗೈಗೆ ಹಾಕಿಕೊಂಡರು. ಒಂದೂ ಕಾಣಲಿಲ್ಲ.

ಆಮೇಲೆ ಅವರು ಭಾನುವಾರಕ್ಕೆ ಬರಲಿಲ್ಲ. ಫೋನು ಮಾಡಿದರೆ ನಯವಾಗಿ ಉತ್ತರ ಕೊಡುತ್ತಿದ್ದರು. ಕುರಿ ಈದಿದೆ, ನಾಲೆಗೆ ನೀರು ಬಿಟ್ಟಿದ್ದಾರೆ, ನಿಮಗೆ ಯಾಕೆ ತೊಂದರೆ. ನನ್ನ ಷಡ್ಡಕರ ಬಾಯಲ್ಲಿ ‘ತೊಂದರೆ’! ಇತ್ತ ಕಟಕಟೆಯಲ್ಲಿ ನಾನೊಬ್ಬನೇ ಕೂತು ಬಂದ ಆಟಗಳನ್ನೆಲ್ಲ ಅಪೂರ್ವ ಎನ್ನುತ್ತಿದ್ದೆ. ತೊಡಕಿನ ದಿನ ಮಾಡಿದ್ದು ವರ್ಷವೆಲ್ಲ ನಡೆಯುತ್ತದೆಂದು ಹೆಂಡತಿ ಹೇಳಿದ್ದು ಅಕ್ಷರಶಃ ನಿಜವಾಗುತ್ತಿತ್ತು. ಕೇಳುಗರು ಬರೆದರು: ಆ ಬೈಯುವ ಯಜಮಾನರು ಎಲ್ಲಿ?

ಆತಗೂರಿನಲ್ಲಿ ನೆಂಟರ ಗೃಹಪ್ರವೇಶ ಬಂತು. ಊಟದ ಸಾಲಿನಲ್ಲಿ ಅವರ ಪಕ್ಕದ ಎಲೆಯೇ ನನಗೆ ಸಿಕ್ಕಿತು. ಪಾಯಸದವರೆಗೆ ಇಬ್ಬರೂ ಮಳೆ ಬೆಳೆ ಮಾತಾಡಿದೆವು. ಪಾಯಸ ಬಡಿಸಿದವನು ಮುಂದೆ ಹೋದ ಮೇಲೆ ಅವರು ಎಲೆಯನ್ನೇ ನೋಡುತ್ತ ಹೇಳಿದರು:

“ಸಡ್ಕನ್ನ ಬೀಗ್ರು ಮಾಡ್ಬುಟ್ಟಲ್ಲ ನೀನು.”

ಬೀಗರೆಂದರೆ ಗೊತ್ತಲ್ಲ, ಹೆಣ್ಣು ಕೊಟ್ಟವರು, ತಂದವರು. ಎದುರಿಗೆ ಬಂದರೆ ಎದ್ದು ನಿಲ್ಲಬೇಕು, ಏನು ಬಡಿಸಿದರೂ ಚೆನ್ನಾಗಿದೆ ಎನ್ನಬೇಕು. ನಾನು ತಪ್ಪಾಯಿತು ಎನ್ನಲು ಹೋದೆ.

“ತಪ್ಪು ಗಿಪ್ಪು ಬುಡು. ಆಟ ಮುಗಿಯಕಿಲ್ಲ ಅಂತ ನಂಗೂ ಗೊತ್ತು. ಯಾಕ್ ಮುಗಿಯಕಿಲ್ಲ ಅಂತ ತಿಳೀದು. ಅಳ್ಳೀಲಿ ಯಾರ್ನ ಕೇಳಿದ್ರೂ ಚೆನ್ನಾಗದೆ ಗೌಡ್ರೆ ಅಂತರೆ. ನೀನಾದ್ರೂ ಉಗೀತೀಯ ಅಂತ ಒತ್ಕೊಂಡ್ ಬಂದೆ.”

“ಬರೋ ಭಾನುವಾರ ನಾನೇ ಬಂದು ಉಗೀತೀನಿ ಅಣ್ಣ.”

“ಬಾ. ಮೈಕ್ ತಕಂಡೇ ಬಾ” ಎಂದು ಸೊರ್ರೆಂದು ಪಾಯಸ ಸುರಿದರು. ಮುಖದಲ್ಲಿ ಹಳೆಯ ಬೆಳಕು ಕಾಣಿಸಿತು.

ಆ ಭಾನುವಾರ ನಾನು ಹೋಗಲಿಲ್ಲ. ಘನವಾದ ಕಾರಣವೇನೂ ಇರಲಿಲ್ಲ. ಹೊಸ ಆಟವೊಂದು ಅಂಚೆಯಲ್ಲಿ ಬಂದಿತ್ತು, ಬಿಚ್ಚಿ ಕೂತೆ. ಅದರ ಮುಂದಿನ ಭಾನುವಾರ ಮಂಡಿನೋವು. ಸರಿಪಡಿಸುವ ಆ ಒಂದು ಸಾಲನ್ನು ಫೋನಿನಲ್ಲೇ ಹೇಳಬಹುದಿತ್ತು. ಎದುರಿಗೆ ಹೇಳಿದರೇ ಚಂದ ಎಂದು ಮುಂದೂಡಿದೆ. ಮುಂದೂಡುವುದರಲ್ಲಿ ನಮ್ಮ ಇಲಾಖೆಗಿರುವ ಪರಿಣತಿ ಲೋಕಪ್ರಸಿದ್ಧ. ಆ ವಾರದಲ್ಲೇ ಒಂದು ಬೆಳಿಗ್ಗೆ ಷಡ್ಡಕರು ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದವರು ಹಾಗೇ ಕುಸಿದರಂತೆ. ಎದೆನೋವು ಎಂದು ಹೇಳುವುದಕ್ಕೂ ಪುರುಸೊತ್ತಾಗಲಿಲ್ಲವಂತೆ.

ತಿಥಿಯ ದಿನ, ಭಜನೆಯವರು ತಂದಿದ್ದ ಮೈಕು ಇನ್ನೂ ಶಾಮಿಯಾನದಲ್ಲೇ ಇತ್ತು. ಊರ ಹಿರಿಯರೊಬ್ಬರು, “ನೀವು ಮೈಕಿನೋರು, ನಾಕು ಮಾತಾಡಿ” ಎಂದು ಅದನ್ನು ನನ್ನ ಕೈಗೆ ಕೊಟ್ಟರು. ನಾನು ಎದ್ದು ನಿಂತೆ. ಅಪೂರ್ವ ವ್ಯಕ್ತಿ ಎಂದೆ. ಮಣ್ಣಿನ ಮಗ ಎಂದೆ. ತುಂಬಲಾರದ ನಷ್ಟ ಎಂದೆ. ಜನ ತಲೆದೂಗಿದರು. ಒಳ್ಳೆಯ ಮಾತೆಂದು ಯಾರೋ ನನ್ನ ಕೈ ಕುಲುಕಿದರು.

ಒಳಗೆ ಹೋದರೆ ಅತ್ತಿಗೆಯವರು ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡು, “ಅವತ್ತೂ ಇಂಗೇ ಅಂದ್ರಿ” ಎಂದರು.

ನಾನು ಅಲ್ಲೇ ನೆಲಕ್ಕೆ ಕೂತೆ. “ಅತ್ತಿಗೆ, ಆ ಆಟ ಸರಿಯಿಲ್ಲ” ಎಂದೆ. “ಅದು ಯಾವತ್ತೂ ಮುಗಿಯೋದಿಲ್ಲ. ಎಲ್ಲರೂ ಬರೀ ಮುಚ್ಚುತ್ತಾ ಕೂತರೆ ಇನ್ನೇನಾಗುತ್ತೆ? ಮುಚ್ಚಿದವರು ಮತ್ತೆ ಮುಚ್ಚುವ ಮೊದಲು ತಮ್ಮ ತೂಬು ಎತ್ತಲೇಬೇಕು ಅಂತ ಇಡಬೇಕಿತ್ತು.”

ಅವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. “ಎತ್ಲೇಬೇಕು ಅಂದ್ರೆ? ಕೊನೇ ಗದ್ದೇಗೆ ನೀರೇ ಬಂದಿಲ್ಲ, ತೂಬ್ ಎತ್ತಿ ಏನ್ ಮಾಡಾನು? ಗಾಳಿ ಬುಡಾನಾ?”

“ಆಗ ಕೊನೆಯವರಿಗೆ ಒಂದು ಬೀಜ ಹೆಚ್ಚಿಗೆ ಕೊಟ್ಟರಾಯಿತು.”

“ಯಾಕ್ ಕೊಡ್ಬೇಕು? ಯಾರಪ್ಪನ್ ಮನೇದು? ಮೂರು ತಿಂಗ್ಳು ನಿದ್ದೆಗೆಟ್ಟು ಮಾಡವ್ರೆ, ನೀವು ಒಂದಿನ ತೂಕಡಿಸ್ಕೊಂಡು ಆಡ್ಬುಟ್ಟು ಹೇಳಕ್ ಬಂದ್ರಾ?” ಅವರ ದನಿ ಅಂಗಳಕ್ಕೆ ಕೇಳಿಸುವಷ್ಟು ಏರಿತು. ನನ್ನ ಹೆಂಡತಿ ಬಾಗಿಲಿಗೆ ಬಂದು ನನ್ನನ್ನು ಕಣ್ಣಲ್ಲೇ ಸುಟ್ಟಳು. ನಾನು ಬಿಡಲಿಲ್ಲ. ಇಬ್ಬರೂ ಬೆರಳಿನಿಂದ ನೆಲದ ಮೇಲೆ ನಾಲೆ ಎಳೆದು ವಾದಿಸಿದೆವು. ಕಡೆಗೆ ಅತ್ತಿಗೆಯವರು ಸುಸ್ತಾಗಿ ಗೋಡೆಗೆ ಒರಗಿ, ಕಣ್ಣೊರೆಸಿಕೊಂಡರು.

“ಅವ್ರಿದ್ದಿದ್ರೆ ನಿಮ್ಗೆ ಸರ್ಯಾಗ್ ಉತ್ರ ಕೊಡೋರು.”

ಕೊಡುತ್ತಿದ್ದರು. ಆ ಉತ್ತರವನ್ನು ಕೇಳುವ ಕಷ್ಟ ನನಗೆ ಬೇಡವಾಗಿತ್ತು, ಅದಕ್ಕೇ ಅಂದು ಚೆನ್ನಾಗಿದೆ ಎಂದದ್ದು.