ದೊಡ್ಡಮ್ಮನ ಕಪ್ಪು ಮಡಕೆ

ಇವತ್ತು ಬೆಳಿಗ್ಗೆ ಮಗಳು ಹಾಸಿನಿ ನನಗೆ ಸಹಾಯ ಮಾಡಿದಳು. ಐದು ವರ್ಷದ ಮಗು ಸಹಾಯಕ್ಕೆ ನಿಂತರೆ ಏನಾಗಬೇಕೋ ಅದೇ ಆಯಿತು. ನಮ್ಮ ಅತ್ತೆಯವರು ವರ್ಷಗಟ್ಟಲೆ ಎಣ್ಣೆ ಸವರಿ ಪಳಗಿಸಿದ ಕಬ್ಬಿಣದ ದೋಸೆ ಕಾವಲಿಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಸೋಪಿನ ಪುಡಿ ಸುರಿದು, ತಂತಿ ನಾರಿನಿಂದ ಉಜ್ಜಿ ಇಟ್ಟಿದ್ದಳು. ಅಲ್ಲಲ್ಲಿ ಬೂದು ಬಣ್ಣ ಎದ್ದಿತ್ತು. ಹೊಡೆಯಲು ಕೈ ಎತ್ತಿದೆ.

“ಅಮ್ಮಾ, ನೋಡು, ಹೊಸದು ಮಾಡ್ದೆ!” ಅಂದಳು.

ಎತ್ತಿದ ಕೈ ಹಾಗೇ ನಿಂತಿತು. ಇಪ್ಪತ್ತೊಂದು ವರ್ಷದ ಹಿಂದೆ ಇದೇ ಮಾತನ್ನು ಇದೇ ಹೆಮ್ಮೆಯಿಂದ ನಾನೇ ಆಡಿದ್ದೆ, ದೊಡ್ಡಮ್ಮನ ಮುಂದೆ. ದೊಡ್ಡಮ್ಮ ಅಂದರೆ ವೀರರಾಘವಮ್ಮ, ನನ್ನ ಅಮ್ಮನ ಅಕ್ಕ. ಅವಳು ಹೋಗಿ ಈ ಆಷಾಢಕ್ಕೆ ಎರಡು ವರ್ಷ. ಮಗು ಈಗ ಮಲಗಿದೆ. ಎದ್ದೇಳುವುದರೊಳಗೆ ಬರೆದಿಡುತ್ತೇನೆ.

ದೊಡ್ಡಮ್ಮನ ಮನೆ ಗೋದಾವರಿ ಕಾಲುವೆಯ ದಂಡೆಯಲ್ಲಿತ್ತು. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹಿತ್ತಿಲ ಚಪ್ಪರದಡಿ ಒಲೆ ಹೂಡಿ ಪೂತರೇಕು ಎಂಬ ಸಿಹಿ ಮಾಡಿ ಮಾರುವುದೇ ಅವಳ ಬದುಕಾಗಿತ್ತು. ಒಲೆಯ ಮೇಲೆ ಬೋರಲು ಹಾಕಿದ ದೊಡ್ಡ ಮಡಕೆ, ಅಡಿಯಲ್ಲಿ ತೆಂಗಿನ ಗರಿಯ ಉರಿ. ಅಕ್ಕಿಹಿಟ್ಟಿನ ತಿಳಿನೀರಲ್ಲಿ ಬಟ್ಟೆ ಅದ್ದಿ ಮಡಕೆಯ ಬೆನ್ನ ಮೇಲೆ ಒಮ್ಮೆ ಎಳೆದರೆ ಚುರ್ ಎಂದು ಒಂದು ಪೊರೆ ನಿಲ್ಲುತ್ತದೆ. ಅದೇ ರೇಕು. ಅದನ್ನು ಹರಿಯದಂತೆ ಎತ್ತಬೇಕು. ಆಮೇಲೆ ತುಪ್ಪ ಸವರಿ ಸಕ್ಕರೆಪುಡಿ ಉದುರಿಸಿ ಮಡಿಚುವುದು ಯಾರಿಗಾದರೂ ಬರುತ್ತದೆ, ಎತ್ತುವುದು ಎಲ್ಲರಿಗೂ ಬರುವುದಿಲ್ಲ.

ಸಂಕ್ರಾಂತಿ ರಜೆಗೆ ನಾನು ರಾಜಮಂಡ್ರಿಯಿಂದ ಬಸ್ಸಿಳಿದರೆ ಸಾಕು, ದೊಡ್ಡಮ್ಮ ಒಂದು ರೇಕು ಎತ್ತಿ ನಮ್ಮಿಬ್ಬರ ಮುಖದ ನಡುವೆ ಹಿಡಿಯುತ್ತಿದ್ದಳು.

“ನಾನು ಕಾಣ್ತೀನೇನೇ ವೇಣೀ?”

“ಕಾಣ್ತೀಯ.”

“ಮೂಗುಬೊಟ್ಟು?”

“ಕಾಣತ್ತೆ.”

“ಅದರ ಹರಳೆಷ್ಟು?”

“ಏಳು!”

“ಸರಿ, ತಿನ್ನು.” ಹರಳು ಎಣಿಸಲು ಆಗದ ರೇಕು ಅವಳ ಲೆಕ್ಕದಲ್ಲಿ ರೇಕೇ ಅಲ್ಲ.

ಓಣಿಯಾಚೆ ಅವಳ ವಾರಗಿತ್ತಿ ಮಾಣಿಕ್ಯಂ ಇದ್ದಳು, ದೊಡ್ಡಪ್ಪನ ತಮ್ಮನ ಹೆಂಡತಿ. ಅವಳದೂ ಇದೇ ಕೆಲಸ. ಯಾರದೋ ಮದುವೆ ಪಂಕ್ತಿಯಲ್ಲಿ “ನಮ್ಮಕ್ಕನ ರೇಕು ಬಲು ಗಟ್ಟಿ, ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಬಹುದು” ಎಂದುಬಿಟ್ಟಿದ್ದಳು. ಅಂದಿನಿಂದ ನಾಲ್ಕು ವರ್ಷ ದೊಡ್ಡಮ್ಮ ಆ ಓಣಿ ದಾಟಿರಲಿಲ್ಲ. ಕಸ ಗುಡಿಸುವಾಗಲೂ ಪೊರಕೆ ಓಣಿಯ ಅರ್ಧಕ್ಕೆ ನಿಂತುಬಿಡುತ್ತಿತ್ತು.

ಆಗ ನನಗೆ ಒಂಬತ್ತು ವರ್ಷ. ಸಂಕ್ರಾಂತಿಯ ಹಿಂದಿನ ಭೋಗಿಗೂ ಮುಂಚಿನ ದಿನ. ಅಕ್ಕಿ ಗಿರಣಿಯ ಪೇರ್ರಾಜು ಅವರ ಹೊಸ ಅಳಿಯ ಮೊದಲ ಸಂಕ್ರಾಂತಿಗೆ ಬರುವವನಿದ್ದ. ಸಂಜೆಯೊಳಗೆ ನೂರು ಪೂತರೇಕು ಅವರ ಮನೆ ಸೇರಬೇಕು. ಹೊಸ ಅಳಿಯನ ಮುಂದೆ ಬರಿಯ ತಟ್ಟೆ ಇಟ್ಟರೆ ಆ ಮಾತು ವರ್ಷವಿಡೀ ಊರು ಸುತ್ತುತ್ತದೆ, ಜೊತೆಗೆ ದೊಡ್ಡಮ್ಮನ ಹೆಸರೂ ಸುತ್ತುತ್ತದೆ. ಹಿಟ್ಟು ರುಬ್ಬಿಟ್ಟು ಅವಳು ತುಪ್ಪ ತರಲು ಹೋದಳು. ಹೋಗುವಾಗ “ಹಬ್ಬ ಬಂತು, ಪಾತ್ರೆಯೆಲ್ಲ ಹುಣಸೆಹಣ್ಣು ಹಾಕಿ ಬೆಳಗಿಡೇ” ಅಂದಳು.

ಹಿತ್ತಾಳೆ ಬಿಂದಿಗೆ ಬೆಳಗಿದೆ. ಕಂಚಿನ ತಟ್ಟೆ ಬೆಳಗಿದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಒಲೆಯ ಮೇಲಿನ ಮಡಕೆ. ಹಬ್ಬ ಬಂದರೂ ಕರ್ರಗೆ ಕೂತಿದೆಯಲ್ಲ ಪಾಪ ಅನ್ನಿಸಿತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಒಂದು ಗಂಟೆ. ಹನ್ನೊಂದು ವರ್ಷ ಎಣ್ಣೆ ಕುಡಿದು ಗಾಜಿನಂತೆ ನುಣುಪಾಗಿದ್ದ ಮಡಕೆಯ ಬೆನ್ನು ಅಲ್ಲಲ್ಲಿ ಕೆಂಪಗೆ ಕಾಣತೊಡಗಿತು.

“ದೊಡ್ಡಮ್ಮಾ, ನೋಡು, ಹೊಸದು ಮಾಡ್ದೆ!”

ತುಪ್ಪದ ತಂಬಿಗೆ ಹಿಡಿದವಳು ಬಾಗಿಲಲ್ಲೇ ನಿಂತಳು. ಉರಿ ಹಾಕಿದಳು, ಬಟ್ಟೆ ಎಳೆದಳು. ರೇಕು ಮಡಕೆಗೆ ಕಚ್ಚಿಕೊಂಡು ಚಿಂದಿಯಾಯಿತು. ಎಣ್ಣೆ ಸವರಿ ಮತ್ತೆ ಎಳೆದಳು. ಮತ್ತೆ ಚಿಂದಿ. ಆರನೆಯ ಸಲಕ್ಕೆ ನನಗೆ ಅರ್ಥವಾಯಿತು, ಅಳು ಬಂತು.

“ಅಳೋದಕ್ಕೆ ಹೊತ್ತಿಲ್ಲ. ಹಿಟ್ಟು ಹುಳಿಯಾಗತ್ತೆ,” ಎಂದಳು ದೊಡ್ಡಮ್ಮ. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, ಹಿಟ್ಟಿನ ಪಾತ್ರೆ ಎತ್ತಿ ಸೊಂಟಕ್ಕಿಟ್ಟುಕೊಂಡಳು. “ತುಪ್ಪ ನೀನು ಹಿಡ್ಕೋ. ನಡಿ.”

ಓಣಿ ಹತ್ತು ಹೆಜ್ಜೆಯೂ ಇರಲಿಲ್ಲ. ನಡುವೆ ಅವಳು ಒಂದು ಸಲ ನಿಂತದ್ದು ನನಗೆ ನೆನಪಿದೆ.

ಮಾಣಿಕ್ಯಂ ಅಂಗಳದಲ್ಲಿ ಕೂತು ಮೆಣಸಿನಕಾಯಿ ಆರಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು, “ಯಾರಪ್ಪಾ ಅದು? ದಾರಿ ತಪ್ಪಿ ಬಂದಿರಬೇಕು.”

“ದಾರಿ ಸರಿಯಾಗೇ ಇದೆ. ನನ್ನ ಮಡಕೆ ಕೆಟ್ಟಿದೆ. ಸಂಜೆವರೆಗೂ ನಿನ್ನ ಒಲೆ ಬೇಕು.”

“ಅಯ್ಯೋ ಅಕ್ಕಾ! ಅಂಥಾ ಮಡಕೆ ಹೇಗೆ ಕೆಡ್ತು?”

“ಹಬ್ಬ ಅಂತ ಉಜ್ಜಿಬಿಟ್ಟೆ.”

“ಯಾರು? ನೀನಾ?”

“ನಾನೇ. ವಯಸ್ಸಾಯ್ತಲ್ಲ, ಮರೆವು.”

ಮಾಣಿಕ್ಯಂ ಆಗ ತಲೆ ಎತ್ತಿದಳು. ದೊಡ್ಡಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ತುಪ್ಪದ ತಂಬಿಗೆ ಹಿಡಿದ ನನ್ನ ಬೆರಳುಗಳನ್ನು ನೋಡಿದಳು.

“ಪುಟ್ಟೀ, ಆ ತೊಟ್ಟಿಯಲ್ಲಿ ಕೈ ತೊಳ್ಕೋ ಹೋಗು. ನಿನ್ನ ದೊಡ್ಡಮ್ಮ ಮಡಕೆ ಉಜ್ಜಿದ್ದಕ್ಕೆ ನಿನ್ನ ಉಗುರೆಲ್ಲ ಕಪ್ಪಾಗಿದೆ.”

ದೊಡ್ಡಮ್ಮನ ತುಟಿ ಅಲುಗಿತು. ನಗು ಬಂದಿತ್ತು, ನಗಲಿಲ್ಲ.

“ಒಲೆ ಕೊಡ್ತೀನಿ,” ಎಂದಳು ಮಾಣಿಕ್ಯಂ. “ಆದ್ರೆ ಪೇರ್ರಾಜು ಮನೇಲಿ ಯಾರ ಮಡಕೇಲಿ ಎತ್ತಿದ್ದು ಅಂತ ನಿನ್ನ ಬಾಯಾರೆ ಹೇಳ್ಬೇಕು.”

“ಹೇಳ್ತೀನಿ.”

“ಅವರ ಅತ್ತಿಗೆ ನಾದಿನಿಯರೆಲ್ಲ ಇರುವಾಗ?”

“ಹೇಳ್ತೀನಿ ಅಂದೆನಲ್ಲೇ!”

ಆ ಮಧ್ಯಾಹ್ನ ಒಬ್ಬಳು ಎತ್ತಿದಳು, ಒಬ್ಬಳು ಮಡಿಚಿದಳು. ನಾನು ಒಲೆಗೆ ಗರಿ ಹಾಕಿದೆ. “ಹಿಟ್ಟು ನೀರಾಯ್ತು ಅಕ್ಕಾ.” “ನಿನ್ನ ಮಡಕೆ ಓರೆ ಕೂತಿದೆ, ಮೊದಲು ಅದನ್ನ ನೋಡು.” “ನಾಲ್ಕು ವರ್ಷ ಓರೇನೇ ಇತ್ತು, ಬಂದು ಹೇಳೋರು ಇರಲಿಲ್ಲ.” ದೊಡ್ಡಮ್ಮ ಎದ್ದು ಮಡಕೆಯನ್ನು ಕೋಲಿನಿಂದ ತಳ್ಳಿ ನೆಟ್ಟಗೆ ಕೂರಿಸಿದಳು.

ಸಂಜೆ ಪೇರ್ರಾಜು ಅವರ ಮನೆಯ ಹಜಾರದ ತುಂಬ ಹೆಂಗಸರು. ಬುಟ್ಟಿ ಇಳಿಸಿ ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು, “ಇದು ಮಾಣಿಕ್ಯಂ ಮಡಕೆಯಲ್ಲಿ ಎತ್ತಿದ ರೇಕು.” ಮನೆಯ ಯಜಮಾನಿ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. “ವೀರಮ್ಮಾ, ಈ ಸಲದ್ದು ಇನ್ನೂ ತೆಳ್ಳಗಿದೆ ಕಣೇ!”

ಆ ಕ್ಷಣ ದೊಡ್ಡಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ವಾಪಸ್ ಬರುವಾಗ ಕಾಲುವೆಯ ಸೇತುವೆ ದಾಟಿದ ಮೇಲೆ ಅವಳೇ ಅಂದಳು, “ಅವಳ ಮಡಕೆ ಚೆನ್ನಾಗೇ ಇದೆ. ಅದನ್ನ ಅವಳ ಕಿವಿಗೆ ಹಾಕಬೇಡ, ತಿಳೀತಾ?”

“ನಾನು ಉಜ್ಜಿದ್ದು ಅಂತ ಯಾಕೆ ಹೇಳ್ಲಿಲ್ಲ ದೊಡ್ಡಮ್ಮಾ?”

“ನನ್ನ ಮಡಕೆ, ನಾನು ಪಳಗಿಸ್ಕೋತೀನಿ. ಊರು ನಿನ್ನನ್ನ ‘ಮಡಕೆ ಉಜ್ಜಿದೋಳು’ ಅಂತ ಕರೆದರೆ ಅದನ್ನ ಹ್ಯಾಗೆ ತೊಳೆಯೋದು?”

ಹಾಗಂತ ಸುಮ್ಮನೆ ಬಿಡಲಿಲ್ಲ. ರಜೆ ಮುಗಿಯುವವರೆಗೆ ದಿನಾ ಬೆಳಿಗ್ಗೆ ಎಣ್ಣೆಬಟ್ಟೆ ಕೈಗಿಟ್ಟು ಮಡಕೆಯ ಮುಂದೆ ಕೂರಿಸಿದಳು. ಸವರು, ಉರಿ ಹಾಕು, ಆರಿಸು, ಮತ್ತೆ ಸವರು. ತೋಳು ನೋವು ಎಂದರೆ “ಉಜ್ಜುವಾಗ ನೋವಿರಲಿಲ್ವಾ?” ಎನ್ನುತ್ತಿದ್ದಳು. ಹೊರಡುವ ದಿನ ಒಂದು ರೇಕು ಅರ್ಧ ಹರಿದು, ಅರ್ಧ ಇಡಿಯಾಗಿ ಎದ್ದಿತು. ಆ ಅರ್ಧವನ್ನೇ ಮುಖದ ಮುಂದೆ ಹಿಡಿದಳು. ನಾಲ್ಕು ಹರಳು ಕಂಡವು.

ದೊಡ್ಡಮ್ಮ ಹೋದ ದಿನ ಮಾಣಿಕ್ಯಂ ಎಲ್ಲರಿಗಿಂತ ಮೊದಲು ಓಣಿ ದಾಟಿ ಬಂದಿದ್ದಳಂತೆ. ಬಂದವಳು ಅಳುವ ಮುಂಚೆ ಒಲೆಯ ಮೇಲಿನ ಮಡಕೆಯನ್ನು ಒಳಗೆತ್ತಿಟ್ಟು ಬಟ್ಟೆ ಮುಚ್ಚಿದಳಂತೆ, ಸಾವಿನ ಮನೆ ತೊಳೆಯುವವರು ಅದನ್ನೂ ಎಲ್ಲಿ ಉಜ್ಜಿಬಿಡುತ್ತಾರೋ ಎಂದು.

ಇವತ್ತು ಹನ್ನೊಂದಕ್ಕೆ ನಮ್ಮ ಅತ್ತೆಯವರು ಗುಡಿಯಿಂದ ಬಂದರು. ನೇರ ಅಡುಗೆಮನೆಗೆ ಹೋದರು.

“ಕಾವಲಿ ಯಾರು ಉಜ್ಜಿದ್ದು?”

ಹಾಸಿನಿ ನನ್ನ ಸೀರೆಯ ಹಿಂದೆ ಸೇರಿಕೊಂಡಳು. “ನಾನೇ ಅತ್ತೆ,” ಅಂದೆ. “ಯಾವುದೋ ಯೋಚನೆಯಲ್ಲಿದ್ದೆ.”

ಅವರು ಮೊಮ್ಮಗಳ ಒದ್ದೆ ಲಂಗವನ್ನು ಒಂದು ಕ್ಷಣ ನೋಡಿದರು. “ಹ್ಞೂಂ. ಯೋಚನೆ ಚಿಕ್ಕದಾಗಿದ್ದಂತಿದೆ,” ಎಂದು ಹೊರಗೆ ಹೋದರು.

ಅರ್ಧ ಈರುಳ್ಳಿ ಎಣ್ಣೆಯಲ್ಲಿ ಅದ್ದಿ ಹಾಸಿನಿಯ ಕೈಗೆ ಕೊಟ್ಟು, ತಣ್ಣಗಿನ ಕಾವಲಿಯ ಮುಂದೆ ಕೂರಿಸಿದೆ. ತೋಳು ನೋಯುತ್ತದೆ ಅಂದಳು. ನೋಯಲಿ ಅಂದೆ.