ಅಟ್ಟ ಹತ್ತದ ಅಂಕಿಗಳು

ನಾನು ನಿಂತಿದ್ದದ್ದು ನಮ್ಮಕ್ಕನ ಮನೆಯ ಅಂಗಳದಲ್ಲಿ, ಕೊಟ್ಟಿಗೆಯ ಕಂಬಕ್ಕೆ ಬೆನ್ನು ಕೊಟ್ಟು. ಎದುರಿಗೆ ಅಟ್ಟದ ಕಿರುಬಾಗಿಲು, ಅದಕ್ಕೆ ಒರಗಿಸಿದ ಏಣಿ. ಎಡಕ್ಕೆ ಬಾಡಿಗೆಗಿದ್ದ ಮೇಷ್ಟ್ರ ಕೋಣೆ. ಎಮರ್ಜೆನ್ಸಿ ಮುಗಿದ ಮರುವರ್ಷ, ಶಿವರಾತ್ರಿ ಕಳೆದ ವಾರ, ಬೆಳಗಿನ ತಿಂಡಿಯ ಹೊತ್ತು. ಬಿಸಿಲು ಚೆನ್ನಾಗಿತ್ತು. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಇಷ್ಟು ವರ್ಷದ ಮೇಲೆ ಈಗ ಯಾಕೆ? ಮೊನ್ನೆ ಭಾನುವಾರ ನಮ್ಮ ಬೀದಿಯ ರಂಗಸ್ವಾಮಿ ಪೇಪರ್ ಹಿಡಿದು ಮನೆಗೆ ಬಂದರು. ತಿಪಟೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾರೆ. ನಮ್ಮ ಕಡೆ ಕಳವು ಕಡಿಮೆಯಾಗಿದೆಯೆಂದು ಪೇಪರಿನಲ್ಲಿ ಬಂದಿದೆ, ಹೆಂಚಿನ ಕೆಳಗೆ ಕಬ್ಬಿಣದ ಜಾಲರಿ ಹೊಡೆಸುವುದನ್ನು ಬಿಟ್ಟುಬಿಡಲೇ ಎಂದು ಕೇಳಿದರು. ಕಾಫಿ ಕೊಟ್ಟು ಕೂರಿಸಿ, ಈ ಕತೆ ಹೇಳಿದೆ.

ಅಕ್ಕನ ಊರು ನೊಣವಿನಕೆರೆಯಿಂದ ಸ್ವಲ್ಪ ಒಳಗೆ. ಭಾವ ನಂಜುಂಡಪ್ಪ ಪಂಚಾಯ್ತಿ ಮೆಂಬರು. ಓದು ಹೆಚ್ಚಿರಲಿಲ್ಲ, ಲೆಕ್ಕದಲ್ಲಿ ನಂಬಿಕೆ ಬಹಳ. ಯಾವುದೋ ಕೆಲಸಕ್ಕೆ ಪೊಲೀಸ್ ಠಾಣೆಗೆ ಹೋದಾಗಲೆಲ್ಲ ಅಲ್ಲಿಯ ಗೋಡೆಯ ಕಪ್ಪು ಬೋರ್ಡನ್ನು ನಿಂತು ಓದುತ್ತಿದ್ದರು. ಕಳವು ಎಷ್ಟು, ಕನ್ನ ಎಷ್ಟು, ಪತ್ತೆ ಎಷ್ಟು, ಎಲ್ಲ ಅದರಲ್ಲಿರುತ್ತದೆ. (ಬೇರೆಯವರು ಸಿನಿಮಾ ಪೋಸ್ಟರ್ ಓದುವಂತೆ ಅವರು ಅದನ್ನು ಓದುತ್ತಿದ್ದರು.) ಯಾವ ಕೇಸು ಹೇಗಾಯಿತೆಂದು ಹೆಡ್ ಕಾನ್ಸ್‌ಟೇಬಲ್ಲನ್ನು ವಿಚಾರಿಸಿಕೊಂಡೂ ಬರುತ್ತಿದ್ದರು. ಅಷ್ಟೂ ಕೇಸಿನಲ್ಲಿ ಕಳ್ಳ ಬೀಗ ಒಡೆದು ಮುಂಬಾಗಿಲಿನಿಂದಲೇ ನುಗ್ಗಿದ್ದ.

ಅಕ್ಕ ಕೇಳಿದ್ದು ಹೆಂಚಿನ ಕೆಳಗೊಂದು ಜಾಲರಿ. ಕೊಟ್ಟಿಗೆ ಸೂರಿನ ಮೇಲಿಂದ ಕಾಲೆತ್ತಿಟ್ಟರೆ ಅಟ್ಟದ ಹೆಂಚು, ಅದೇ ಅವಳ ಹೆದರಿಕೆ. ಭಾವ ಮುಂಬಾಗಿಲಿಗೆ ಕಬ್ಬಿಣದ ಪಟ್ಟಿ ಹೊಡೆಸಿದರು, ತುಮಕೂರಿನಿಂದ ದಪ್ಪ ಬೀಗ ತರಿಸಿದರು. "ಹೆಂಚು ತೆಗ್ದ ಕೇಸು ಬೋರ್ಡ್‌ನಾಗೆ ಒಂದಾದ್ರೂ ಐತೇನೇ? ಲೆಕ್ಕ ನೋಡಿ ಖರ್ಚು ಮಾಡ್ಬೇಕು ಕಣೇ" ಅಂದರು. ಅಂಕಿಯ ಎದುರು ಹೆದರಿಕೆ ಎಷ್ಟು ಹೊತ್ತು ನಿಂತೀತು?

ನಮ್ಮ ಕಡೆಯ ಅಟ್ಟ ಕಂಡವರಿಗೆ ಇಲ್ಲಿರುವ ತಪ್ಪು ಹೊಳೆಯುತ್ತದೆ. ತೆಂಗಿನಕಾಯಿ ಕೆಡವಿ, ಸುಲಿಯದೆ ಮಟ್ಟೆ ಸಮೇತ ಅಟ್ಟಕ್ಕೆ ತುಂಬಿದ ಮೇಲೆ ವರ್ಷದ ಹತ್ತಿರ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಬೇಕು, ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು, ಉಂಡೆಯಂತೆ ಒಣಗಿ ಗಿಟುಕಾಗಬೇಕು. ಅಲ್ಲಿಯವರೆಗೆ ಅಟ್ಟದ ಬಾಗಿಲು ಮುಚ್ಚಿಯೇ ಇರುತ್ತದೆ. ವರ್ಷದ ಸಂಪಾದನೆ ತಲೆಯ ಮೇಲಿದೆಯೆಂಬ ಧೈರ್ಯದಲ್ಲಿ ಕೆಳಗೆ ನಿದ್ದೆ ಮಾಡುತ್ತೇವೆ. ಬ್ಯಾಂಕಿನವರಾದರೂ ಆಗಾಗ ಪೆಟ್ಟಿಗೆ ತೆರೆದು ನೋಡುತ್ತಾರೆ. ನಾವು ನೋಡುವುದಿಲ್ಲ.

ಆ ಬೆಳಿಗ್ಗೆ ಸುಲಿಯುವ ಆಳುಗಳು ಬಂದಿದ್ದರು. ಅವರಲ್ಲಿ ಹಿರಿಯ ಕೆಂಚಣ್ಣ ಅಟ್ಟ ಹತ್ತಿ ಕಾಯಿ ಕೆಳಕ್ಕೆ ಬಿಡುತ್ತಿದ್ದ, ಉಳಿದವರು ಅಂಗಳದಲ್ಲಿ ಸುಲಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಾಯಿ ಬೀಳುವುದು ನಿಂತಿತು. ಕಿರುಬಾಗಿಲಲ್ಲಿ ಕೆಂಚಣ್ಣನ ಮುಖ ಕಂಡಿತು.

"ಯಜಮಾನ್ರೇ, ಮುಂದಿನ ಸಾಲಷ್ಟೇ ಕಣ್ರೀ ಐತೆ. ಹಿಂದ್ಗಡೆ ಬರಿದು."

ಭಾವ ಏಣಿ ಹತ್ತಿ ನೋಡಿ ಇಳಿದರು. ಬಾಗಿಲ ಕಡೆಗೆ ರಾಶಿ ಗೋಡೆಯಂತೆ ನಿಂತಿದೆ, ಅದರ ಹಿಂದೆ ಹೊಂಡ, ಹೊಂಡದ ಮೇಲೆ ಸರಿಯಾಗಿ ಕೂರದ ಹೆಂಚು. ಕಳ್ಳ ಹೆಂಚನ್ನು ಮತ್ತೆ ಮುಚ್ಚಿಯೇ ಹೋಗಿದ್ದ.

ಯಾವಾಗ ಆಗಿದ್ದು? ಹೋದ ವಾರವೇ? ಹೋದ ದೀಪಾವಳಿಗೇ? ಯಾರಿಗೂ ಗೊತ್ತಿಲ್ಲ. ದಿನ ಗೊತ್ತಿಲ್ಲದ ಕಳ್ಳತನದಲ್ಲಿ ವರ್ಷವಿಡೀ ಮನೆಗೆ ಬಂದು ಹೋದವರೆಲ್ಲ ಕಳ್ಳರೇ. ನೆಂಟರು, ಆಳುಗಳು, ನಾನೂ ಸೇರಿದಂತೆ. ಆದರೆ ಬೆರಳು ಸುತ್ತಾಡಲಿಲ್ಲ. ನೇರವಾಗಿ ಎಡಕ್ಕೆ ತಿರುಗಿತು.

ಶಿವಣ್ಣ ಮೇಷ್ಟ್ರು ಚಿಕ್ಕನಾಯಕನಹಳ್ಳಿ ಕಡೆಯವರು. ಸಂಕ್ರಾಂತಿ ಕಳೆದ ಮೇಲೆ ವರ್ಗವಾಗಿ ಬಂದು ಆ ಕೋಣೆ ಹಿಡಿದಿದ್ದರು. ಇನ್ನೂ ಮದುವೆಯಾಗಿರಲಿಲ್ಲ, ಮಾತು ಕಡಿಮೆ. ಅವರ ಕೋಣೆಯ ನೆತ್ತಿಯ ಮೇಲೆಯೇ ಆ ಹೊಂಡ. ಪರಊರಿನವರು ಅವರೊಬ್ಬರೇ. ಇನ್ನೇನು ಬೇಕು? ಸುದ್ದಿ ಕೇಳಿ ಬಂದ ಅಕ್ಕಪಕ್ಕದವರು ಅಂಗಳದಲ್ಲಿ ತುಂಬಿದರು. ಅವರಲ್ಲಿ ಮೇಷ್ಟ್ರ ಶಿಷ್ಯರ ಅಪ್ಪಂದಿರೂ ಇದ್ದರು. ರಾತ್ರಿ ಬಹಳ ಹೊತ್ತು ಅವರ ಕೋಣೆಯಲ್ಲಿ ದೀಪ ಉರಿಯುತ್ತದೆ ಎಂದು ಒಬ್ಬರು ನೆನಪು ಮಾಡಿಕೊಂಡರು. ಪ್ರತಿ ಶನಿವಾರ ಚೀಲ ಹಿಡಿದು ಬಸ್ಸು ಹತ್ತುತ್ತಾರೆ ಎಂದರು ಇನ್ನೊಬ್ಬರು. (ತಮ್ಮ ಊರಿಗೆ ಬಟ್ಟೆ ಒಗೆಸಲು ಹೋಗುತ್ತಿದ್ದರು. ಹಿಂದಿನ ದಿನದವರೆಗೂ ಅದು ಯಾರಿಗೂ ತಪ್ಪೆನಿಸಿರಲಿಲ್ಲ.)

ಮೇಷ್ಟ್ರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಭಾವ ಅವರ ಹತ್ತಿರ ಹೋಗಿ ಮೆತ್ತಗೇ ಹೇಳಿದರು: "ಒಂದ್ಸಲ ಪೆಟ್ಗೆ ತೆಗ್ದು ತೋರ್ಸ್‌ಬುಡಿ ಮೇಷ್ಟ್ರೇ. ಎಲ್ಲರ ಬಾಯಿ ಮುಚ್ಚೋಯ್ತದೆ."

"ಅಟ್ಟದ ಕಾಯಿ ಆ ಪೆಟ್ಗೇಲಿ ಹಿಡಿಸ್ತಾವೇನ್ರೀ?" ಅಂದಳು ಅಕ್ಕ, ನಡುಮನೆಯಿಂದ.

ಯಾರೂ ನಗಲಿಲ್ಲ. ಮೇಷ್ಟ್ರು ಒಳಗೆ ಹೋಗಿ ತಗಡಿನ ಟ್ರಂಕನ್ನು ಎತ್ತಿಕೊಂಡು ಬಂದು, ಅಂಗಳದ ನಡುವೆ ಬಿಸಿಲಲ್ಲಿಟ್ಟು ಮುಚ್ಚಳ ತೆಗೆದರು. ಒಂದೊಂದಾಗಿ ಹೊರಗಿಟ್ಟರು. ಇಸ್ತ್ರಿ ಮಾಡಿದ ಷರಟು. ಪಂಚೆ. ಕುತ್ತಿಗೆ ಹರಿದ ಬನಿಯನ್. ಪಾಠದ ಪುಸ್ತಕಗಳು. ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಹಸಿರು ಗಾಜಿನ ಬಳೆ. ಅವರಿಗೆ ಹೆಣ್ಣು ಗೊತ್ತಾಗಿತ್ತು, ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಬಳೆ ಕಂಡಾಗ ಮಾತ್ರ ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರ ಕೈ ನಿಂತಿತು. ಆ ಕೈ ನಿಂತದ್ದನ್ನು ನಾನು ಕಂಬದ ಬಳಿಯಿಂದ ನೋಡಿದೆ. ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಅಷ್ಟರಲ್ಲಿ ಅಟ್ಟದಿಂದ ಒಂದು ಕಾಯಿ ಬಿತ್ತು. ಕೆಂಚಣ್ಣ ತನ್ನ ಪಾಡಿಗೆ ಹೊಂಡದ ತಳದಲ್ಲಿ ಉಳಿದದ್ದನ್ನು ಬಿಡಲು ಶುರುಮಾಡಿದ್ದ. ಕಾಯಿ ಉರುಳಿ ಬಂದು ಭಾವನ ಕಾಲ ಬಳಿ ನಿಂತಿತು. ಭಾವ ಅದನ್ನು ಎತ್ತಿಕೊಂಡರು. ಅದಕ್ಕೆ ಮೊಳಕೆ ಬಂದಿತ್ತು. ಮೊಳಕೆ ಗೇಣುದ್ದ ಬೆಳೆದು, ಒಣಗಿ ಕಡ್ಡಿಯಾಗಿತ್ತು.

ತೆಂಗಿನ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಪಟ್ಟಣದ ಓದುಗರಿಗಾಗಿ ಹೇಳುತ್ತೇನೆ. ಅಟ್ಟದ ಕಾಯಿ ಮೊಳೆಯಬೇಕಾದರೆ ನೆನೆಯಬೇಕು. ತಳದ ಕಾಯಿ ಹೀಗೆ ನೆನೆಯಬೇಕಾದರೆ ಮೇಲಿನ ರಾಶಿ ಆಗಲೇ ಹೋಗಿರಬೇಕು, ಹೆಂಚು ಆಗಲೇ ಸರಿದಿರಬೇಕು. ಜೋರು ಮಳೆ ಕೊನೆಯದಾಗಿ ಬಂದದ್ದು ಚಿತ್ತೆಯಲ್ಲಿ, ದೀಪಾವಳಿಗೂ ಮುಂಚೆ. ಮೇಷ್ಟ್ರು ಊರಿಗೆ ಬಂದದ್ದು ಸಂಕ್ರಾಂತಿಯ ಮೇಲೆ.

ಭಾವ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದನ್ನು ರಾಶಿಗೆ ಎಸೆದು ಸುಮ್ಮನಿರಬಹುದಿತ್ತು. ಹಾಗೆ ಮಾಡಲಿಲ್ಲ. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಇದು ಚಿತ್ತೆ ಮಳೇಲಿ ನೆಂದಿರೋ ಕಾಯಿ. ಆಗ ಈ ಮೇಷ್ಟ್ರು ನಮ್ಮೂರೇ ಕಂಡಿರ್ಲಿಲ್ಲ" ಅಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ತಪ್ಪಾಯ್ತು. ಪೆಟ್ಗೆ ಮುಚ್ಚಿ ಮೇಷ್ಟ್ರೇ."

"ತೆಗ್ಸಿದೋರೇ ಮುಚ್ಲಿ" ಅಂದರು ಮೇಷ್ಟ್ರು.

ಭಾವ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಳೆಯಿಂದ ಶುರುಮಾಡಿ, ಎಲ್ಲವನ್ನೂ ಒಂದೊಂದಾಗಿ ಒಳಗಿಟ್ಟರು. ಷರಟು ಮಡಿಸಲು ಅವರಿಗೆ ಬರಲಿಲ್ಲ. ಅಕ್ಕ ಬಂದು ಮಡಿಸಿಕೊಟ್ಟಳು.

ಮಧ್ಯಾಹ್ನ ಭಾವನ ಜೊತೆ ನಾನೂ ಠಾಣೆಗೆ ಹೋದೆ. ಹೆಡ್ ಕಾನ್ಸ್‌ಟೇಬಲ್ ಮರ್ಯಾದೆಯಿಂದಲೇ ಕೂರಿಸಿ, ಕಳುವಾದದ್ದು ಯಾವ ದಿನ, ಯಾವ ತಿಂಗಳು, ಯಾರ ಮೇಲೆ ಅನುಮಾನ ಎಂದು ಕೇಳಿದರು. ಭಾವ ಗೋಡೆಯ ಬೋರ್ಡನ್ನು ಬಹಳ ಹೊತ್ತು ನೋಡಿದರು. ಕಂಪ್ಲೇಂಟು ಕೊಡದೆ ಎದ್ದು ಬಂದರು. ಬಸ್ ಸ್ಟ್ಯಾಂಡಿನಲ್ಲಿ, "ಯಾರ ಮ್ಯಾಲೆ ಅಂತ ಮತ್ತೆ ಇನ್ನೊಬ್ಬರ ಹೆಸರು ಹೇಳ್ಲಪ್ಪಾ?" ಅಂದರು. ಆಮೇಲೆ ಊರಿನ ಇನ್ನೂ ಕೆಲವರು ಅಟ್ಟ ಹತ್ತಿ ನೋಡಿದರು, ಅಲ್ಲಿಯೂ ಹೊಂಡಗಳಿದ್ದವು. ಅವರೂ ಠಾಣೆಗೆ ಹೋಗಲಿಲ್ಲ. ಹಾಗಾಗಿ ನಮ್ಮ ಬೋರ್ಡಿನ ಲೆಕ್ಕ ಆ ವರ್ಷ ಬಹಳ ಚೆನ್ನಾಗಿತ್ತು.

ಬೋರ್ಡು ಸುಳ್ಳು ಹೇಳಿತೆಂದು ನಾನು ಹೇಳುವುದಿಲ್ಲ. ಅದು ತನಗೆ ಬಂದು ಹೇಳಿದ್ದನ್ನು ಹೇಳಿತು, ಅಷ್ಟೆ. ಬೀಗ ಒಡೆದರೆ ಬೆಳಿಗ್ಗೆಯೇ ಗೊತ್ತಾಗುತ್ತದೆ, ಮನೆಯವರು ಠಾಣೆಗೆ ಓಡುತ್ತಾರೆ. ಅಟ್ಟ ಬರಿದಾದದ್ದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ, ಗೊತ್ತಾದಾಗ ಹೇಳಲು ದಿನವಿರುವುದಿಲ್ಲ. ಪೇಪರಿನ ಅಂಕಿ ನೋಡಿ ಬೀಗ ಕೊಳ್ಳುವವರು, ಅಂಕಿಗೆ ಸಿಗದ ಕಳ್ಳತನ ಯಾವುದೆಂದು ಮೊದಲು ಕೇಳಿಕೊಳ್ಳಬೇಕು. ನಿಮ್ಮ ಮನೆಯ ಸೂರು ಎಲ್ಲಿ ತಗ್ಗಿದೆಯೆಂದು ಯಾವ ಪೇಪರಿಗೆ ಗೊತ್ತು?

ರಂಗಸ್ವಾಮಿ ಪೇಪರ್ ಮಡಿಸಿ ಜೇಬಿಗಿಟ್ಟುಕೊಂಡರು. ಜಾಲರಿ ಹೊಡೆಸುತ್ತಾರಂತೆ. ತಿಂಗಳಿಗೊಮ್ಮೆ ಅಟ್ಟವನ್ನೂ ಹತ್ತಿ ಎಂದು ಹೇಳಿ ಕಳಿಸಿದೆ.

ಶಿವಣ್ಣ ಮೇಷ್ಟ್ರು ಆ ಬೇಸಿಗೆಯಲ್ಲೇ ವರ್ಗ ಮಾಡಿಸಿಕೊಂಡು ಹೋದರು. ಈಗ ತುರುವೇಕೆರೆ ಕಡೆ ಹೆಡ್‌ಮಾಸ್ಟರು. ಸಂತೆಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾರೆ, ಅಕ್ಕನ ಊರಿನ ಹೆಸರು ಮಾತ್ರ ಎತ್ತುವುದಿಲ್ಲ. ಭಾವ ತೀರಿಕೊಂಡು ಎರಡು ವರ್ಷವಾಯಿತು. ಅಂಗಳದಲ್ಲಿದ್ದ ಹಿರಿಯರಲ್ಲಿ ಹಲವರು ಹೋದರು. ಆ ಟ್ರಂಕಿನ ಮುಚ್ಚಳ ತೆರೆದದ್ದನ್ನೂ ಅದನ್ನು ಮುಚ್ಚಿದ್ದನ್ನೂ ಕಣ್ಣಾರೆ ಕಂಡು, ಕೇಳಿದರೆ ಹೇಳಬಲ್ಲವರು ಈಗ ನನಗೆ ತಿಳಿದಂತೆ ನಮ್ಮಕ್ಕ ಪುಟ್ಟಮ್ಮ, ಅಟ್ಟದ ಮೇಲಿದ್ದ ಕೆಂಚಣ್ಣ, ಮೇಷ್ಟ್ರು ಮತ್ತು ನಾನು.

ಆ ಬೆಳಿಗ್ಗೆ ಮೇಷ್ಟ್ರಿಂದ ನಾವು ಕಿತ್ತುಕೊಂಡದ್ದನ್ನು ಯಾವ ಬೋರ್ಡಿನಲ್ಲಿ, ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?