ಎಡಚ ಕಲ್ಲುಕುಟಿಗನೂ ನನ್ನ ಪ್ರೊಫೆಸರ್‌ಗಿರಿಯೂ

ಒಂದು ಗುಟ್ಟು ಹೇಳುತ್ತೇನೆ, ನಮ್ಮ ವಿಭಾಗದವರ ಕಿವಿಗೆ ಹಾಕಬೇಡಿ. ಶಾಸನ ಓದುವ ನಾವು ಪಂಡಿತರು ಕಲ್ಲನ್ನು ನೋಡುವುದೇ ಇಲ್ಲ. ನಾವು ನೋಡುವುದು ಕಾಗದ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ರಪರಪ ಬಡಿದು, ಅದು ಅಕ್ಷರದ ತಗ್ಗಿನೊಳಗೆ ಇಳಿದ ಮೇಲೆ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರ ಮೂಡುತ್ತವೆ. ಇದಕ್ಕೆ ಅಚ್ಚು ತೆಗೆಯುವುದು ಎನ್ನುತ್ತೇವೆ. ಅಚ್ಚು ಸಿಕ್ಕಿತೋ, ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಊರಿಗೆ ಬಂದುಬಿಡುತ್ತೇವೆ. ಕಲ್ಲು ಅಲ್ಲೇ ಬಿಸಿಲಲ್ಲಿ ನಿಂತಿರುತ್ತದೆ; ನಾವು ಫ್ಯಾನಿನ ಕೆಳಗೆ ಕೂತು ಅದರ ಬಗ್ಗೆ ಮೂವತ್ತು ವರ್ಷ ಜಗಳಾಡುತ್ತೇವೆ. ಹುಡುಗನ ಫೋಟೋ ನೋಡಿ ಒಪ್ಪಿ, ಆಮೇಲೆ ಸಂಸಾರವನ್ನೂ ಫೋಟೋದ ಜೊತೆಗೇ ಮಾಡಿದ ಹಾಗೆ.

ನಾನು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಹಳಗನ್ನಡ ಮತ್ತು ಶಾಸನ ಕಲಿಸಿದವಳು. ಹುಬ್ಬಳ್ಳಿಯ ಗೋಪನಕೊಪ್ಪದ ಮನೆಯಿಂದ ದಿನಾ ಧಾರವಾಡಕ್ಕೆ ಬಸ್ಸು. ಒಮ್ಮೆ ಪಕ್ಕದ ಸೀಟಿನ ಅಜ್ಜಿ, "ಏನ ಕಲಸ್ತೀ ಯವ್ವಾ?" ಎಂದು ಕೇಳಿದಳು. "ಹಳಗನ್ನಡ" ಎಂದೆ. ಆಕೆ ಮರುಕದಿಂದ ನನ್ನ ಕೈ ಹಿಡಿದು, "ಹೊಸಾದು ಕಲಸಾಕ ಬಿಡಂಗಿಲ್ಲೇನು ನಿನಗ?" ಎಂದಳು. ಬಿಡುತ್ತಿರಲಿಲ್ಲ, ನಿಜ. ನನಗೂ ಬೇಕಿರಲಿಲ್ಲ. ಸಾವಿರ ವರ್ಷ ಹಿಂದಿನ ಒಂದು ಸಾಲು ಥಟ್ಟನೆ ಅರ್ಥವಾದಾಗ ಮೈ ಜುಮ್ಮೆನ್ನುತ್ತದಲ್ಲ, ಆ ಚಟಕ್ಕೆ ಬಿದ್ದವಳಿಗೆ ಬೇರೆ ಯಾವುದೂ ರುಚಿಸುವುದಿಲ್ಲ. ನಮ್ಮ ಯಜಮಾನರು ಇದನ್ನು "ಕಲ್ಲಿನ ಹುಚ್ಚು" ಎಂದು ಕರೆದು, ಮದುವೆಯಾದ ವರ್ಷವೇ ಕೈ ಮುಗಿದುಬಿಟ್ಟಿದ್ದಾರೆ.

ನನ್ನ ಇಡೀ ವೃತ್ತಿ ನಿಂತದ್ದು ಎರಡು ಕಲ್ಲುಗಳ ಮೇಲೆ. ಧಾರವಾಡದಿಂದ ಒಂದು ತಾಸಿನ ಹಾದಿಯ ಒಂದು ಹಳ್ಳಿಯ ಹನುಮಪ್ಪನ ಗುಡಿಯ ಮುಂದೆ ಅವೆರಡೂ ಅಕ್ಕಪಕ್ಕ ನಿಂತಿವೆ. ಒಂದರ ಮೇಲೆ ಕೆರೆಗೆ ಭೂಮಿ ಬಿಟ್ಟ ಸುದ್ದಿ, ಇನ್ನೊಂದರ ಮೇಲೆ ಗುಡಿಗೆ ದೀಪದ ಎಣ್ಣೆ ಬಿಟ್ಟ ಸುದ್ದಿ. ಕಾಲ ಹೇಳುವ ಸಾಲು ಎರಡರಲ್ಲೂ ಒಡೆದುಹೋಗಿದೆ. ಕೆರೆಯ ಕಲ್ಲಿನ ಅಕ್ಷರಗಳು ಮುತ್ತು ಪೋಣಿಸಿದಂತಿವೆ. ಎಣ್ಣೆಯ ಕಲ್ಲಿನವು ದಪ್ಪ, ದೊಡ್ಡ, ಅಂಕುಡೊಂಕು. ನನ್ನ ಪಿಎಚ್.ಡಿ.ಯ ಸಿದ್ಧಾಂತ ಇಷ್ಟೇ: ಇವು ಎರಡು ಕೈಗಳ ಕೆಲಸ. ಒರಟು ಕೈ ಮೊದಲಿನದು, ನಾಜೂಕಿನ ಕೈ ಎರಡು ತಲೆಮಾರಿನ ನಂತರದ್ದು. ಅಷ್ಟರಲ್ಲಿ ನಾಡಿನ ಲಿಪಿಕಲೆ ಸುಧಾರಿಸಿತ್ತು. ಎಷ್ಟು ಒಪ್ಪವಾಗಿದೆ ನೋಡಿ! ಒರಟು ಕಲ್ಲಿನ ಮೇಲೆ ನಿಂತು ರೀಡರ್ ಆದೆ, ನಾಜೂಕು ಕಲ್ಲಿನ ಮೇಲೆ ಹತ್ತಿ ಪ್ರೊಫೆಸರ್ ಆದೆ.

ದಾನಶಾಸನಗಳ ಕೊನೆಗೆ ಒಂದು ಶಾಪ ಇರುತ್ತದೆ. ಈ ದಾನವನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ತಟ್ಟುತ್ತದೆ, ಅವನು ಹೇಲಿನ ಹುಳುವಾಗಿ ಹುಟ್ಟುತ್ತಾನೆ, ಹೀಗೆಲ್ಲ. ಕದ್ದವನಿಗೆ ಶಾಪವಿದೆ, ಒಡೆದವನಿಗೆ ಶಾಪವಿದೆ. ತಪ್ಪು ಓದಿದವರಿಗೆ ಮಾತ್ರ ಯಾವ ಶಾಪವೂ ಇಲ್ಲ. ಆ ಕಾರಣಕ್ಕೇ ನಮ್ಮಂಥವರ ವಿಭಾಗಗಳು ಇಂದಿಗೂ ನಡೆದುಕೊಂಡು ಹೋಗುತ್ತಿವೆ.

ಹೀಗಿರುವಾಗ ರತ್ನಾ ಬಂದಳು. ನನ್ನ ಕೈಕೆಳಗೆ ಪಿಎಚ್.ಡಿ. ಮಾಡಿದವರಲ್ಲಿ ಎಲ್ಲರಿಗಿಂತ ಚುರುಕು, ಅಷ್ಟೇ ಹಟಮಾರಿ. ತನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಆಕೆ ನನ್ನ ಎರಡೂ ಕಲ್ಲುಗಳನ್ನು ಎತ್ತಿಕೊಂಡು, ಇವು ಒಬ್ಬನದೇ ಕೆಲಸ, ನಾಜೂಕಿನದು ಅವನ ಪ್ರಾಯದ್ದು, ಒರಟಿನದು ಅವನ ಮುಪ್ಪಿನದು ಎಂದು ಬರೆದಳು. ಹಳ್ಳಿಗೆ ಹೋಗಿ ಎರಡು ದಿನ ಕಲ್ಲಿನ ಬುಡದಲ್ಲಿ ಕೂತು ಬಂದಿದ್ದಳಂತೆ. ನನಗೆ ಸಿಟ್ಟು ನೆತ್ತಿಗೇರಿತು. ಅಂಚಿನಲ್ಲಿ ಕೆಂಪು ಮಸಿಯಲ್ಲಿ "ಆಧಾರವಿಲ್ಲ, ಈ ಅಧ್ಯಾಯ ತೆಗೆಯಿರಿ" ಎಂದು ಬರೆದೆ. ಆಕೆ ಒಂದು ವರ್ಷ ವಾದ ಮಾಡಿದಳು. ಮಾರ್ಗದರ್ಶಕರ ಸಹಿ ಇಲ್ಲದೆ ಪ್ರಬಂಧ ಸಲ್ಲಿಸುವಂತಿಲ್ಲವಲ್ಲ, ಕೊನೆಗೆ ತೆಗೆದಳು. ಅಷ್ಟರಲ್ಲಿ ನಮ್ಮ ವಿಭಾಗದಲ್ಲೇ ಖಾಲಿಯಾದ ಒಂದು ಹುದ್ದೆ ಪದವಿ ಕೈಯಲ್ಲಿಲ್ಲ ಎಂಬ ಕಾರಣಕ್ಕೆ ಆಕೆಯ ಕೈತಪ್ಪಿತು. ಈಗ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ದುರ್ಗದಬೈಲಿನ ಪೇಟೆಯಲ್ಲಿ ಎದುರಾದರೆ ಎದುರಿನ ಬಳೆ ಅಂಗಡಿಯಲ್ಲಿ ಅವಳಿಗೆ ಏಕಾಏಕಿ ಬಹಳ ಆಸಕ್ತಿ ಹುಟ್ಟುತ್ತಿತ್ತು. ನನಗೂ ಹೂವಿನ ಅಂಗಡಿಯಲ್ಲಿ. ಎಂಟು ವರ್ಷ ಹೀಗೆ ಬಳೆ, ಹೂವು ನೋಡಿದೆವು.

ಈಚೆಗೆ, ನನ್ನ ನಿವೃತ್ತಿಗೆ ಒಂದು ತಿಂಗಳಿದ್ದಾಗ, ಆ ಹಳ್ಳಿಯಿಂದ ಫೋನು ಬಂತು. ಗುಡಿಯ ಮುಂದಿನ ಕಟ್ಟೆ ಹೊಸದಾಗಿ ಕಟ್ಟಿಸುತ್ತಿದ್ದಾರೆ, ಕಲ್ಲುಗಳನ್ನು ಎಬ್ಬಿಸಿ ಸಿಮೆಂಟಿನಲ್ಲಿ ಮತ್ತೆ ನಿಲ್ಲಿಸುತ್ತಾರೆ. ಜೆಸಿಬಿ ತರಬೇಡಿ ಎಂದು ಗೋಗರೆದು, ಕಲ್ಲು ಬಲ್ಲ ಒಬ್ಬರನ್ನು ಕರೆದುಕೊಂಡು ಹೋದೆ. ಅವರು ಇಮಾಮಸಾಬರು. ಧಾರವಾಡದ ಲಕಮನಹಳ್ಳಿಯಲ್ಲಿ ಅವರದೊಂದು ತಗಡಿನ ಶೆಡ್ಡಿದೆ. ಬೀಸುವ ಕಲ್ಲು, ಒರಳು, ಮನೆಯ ಹೆಸರು ಕೆತ್ತಿದ ಫಲಕ ಮಾಡಿಕೊಡುತ್ತಾರೆ. ನಮ್ಮ ಮನೆಯ ಚಟ್ನಿ ಅರೆಯುವ ಕಲ್ಲು ಸವೆದು ನುಣ್ಣಗಾದಾಗಲೆಲ್ಲ ಉಳಿಯಿಂದ ಬಡಿದು ಒರಟು ಮಾಡಿಕೊಡುವವರು ಅವರೇ. ಅಷ್ಟು ವರ್ಷದಲ್ಲಿ ಒಂದು ದಿನವೂ ಅವರಿಗೆ ನನ್ನ ಶಾಸನದ ವಿಚಾರ ಹೇಳಿದವಳಲ್ಲ. ಚಟ್ನಿ ಕಲ್ಲಿಗೂ ಶಾಸನದ ಕಲ್ಲಿಗೂ ಏನು ಸಂಬಂಧ ಎಂಬ ಜಂಭ, ಬೇರೇನಲ್ಲ.

ಹಗ್ಗ, ಹಾರೆ, ಎಂಟು ಮಂದಿ. ಮೊದಲು ಕೆರೆಯ ಕಲ್ಲು ಮೇಲೆದ್ದು ಮಗ್ಗುಲಾಯಿತು. ನಾನು ಅಕ್ಷರದ ಕಡೆ ಓಡಿದೆ. ಇಮಾಮಸಾಬರು ಅಕ್ಷರ ನೋಡಲೇ ಇಲ್ಲ. ಹಿಂಬದಿಗೆ ಹೋಗಿ, ಮಣ್ಣು ಒರೆಸಿ, ಕುಕ್ಕರಗಾಲಲ್ಲಿ ಕೂತು ನಕ್ಕರು.

"ಇವ ಎಡಚ ಇದ್ದಾನ್ರೀ ಅಕ್ಕಾರ."

"ಯಾರು?"

"ಇದನ್ನ ಹೊಡದಾಂವ. ಪೆಟ್ಟು ಯಾ ಕಡೆ ವಾಲ್ಯಾವ ನೋಡ್ರಿ. ನನ್ನಂಥ ಬಲಗೈಯಾಂವ ಹೊಡದ್ರ ಇತ್ಲಾಗ ವಾಲತಾವ. ಇವು ಉಲ್ಟಾ ಅದಾವ. ನಮ್ಮಪ್ಪನೂ ಎಡಚ ಇದ್ದ. ಅಂವ ಹೊಡದ ಕಲ್ಲು ನಾ ಕಣ್ಣು ಮುಚ್ಚಿ ಹೇಳತೇನಿ."

ನನ್ನ ಅಚ್ಚಿನಲ್ಲಿ ಕಲ್ಲಿಗೆ ಬೆನ್ನೇ ಇಲ್ಲ. ಯಾರ ಅಚ್ಚಿನಲ್ಲೂ ಇರುವುದಿಲ್ಲ. ಬರೆಯದ ಬದಿಗೆ ಯಾರು ಕಾಗದ ಹಾಸುತ್ತಾರೆ? ಎರಡನೆಯದು, ಎಣ್ಣೆಯ ಕಲ್ಲು, ಎದ್ದಿತು. ಅವರು ಅದರ ಬೆನ್ನೂ ಸವರಿದರು, ಬುಡಕ್ಕೆ ಬಂದರು, ಮಣ್ಣು ಕೆರೆದರು.

"ಇದೂ ಅವಂದ ಐತ್ರಿ."

"ಹೆಂಗ ಹೇಳ್ತೀರಿ ಇಮಾಮಸಾಬ?" ನನ್ನ ದನಿ ಅದಾಗಲೇ ಕೀರಲಾಗಿತ್ತು.

"ಕೆಲಸಾ ಶುರು ಮಾಡೋಕಿಂತ ಮೊದಲ ಉಳಿ ಹರಿತ ಐತೋ ಇಲ್ಲೋ ಅಂತ ನಾಕು ಪೆಟ್ಟು ಹೊಡದು ನೋಡತೇವ್ರಿ ನಾವು, ಮಣ್ಣಾಗ ಹೂಳೋ ಜಾಗಾದಾಗ. ಒಬ್ಬೊಬ್ಬರದು ಒಂದೊಂದು ನಮೂನಿ. ಇವ ನೋಡ್ರಿ, ಎರಡೂ ಕಲ್ಲಿಗೆ ಮೂರು ಉದ್ದ, ಒಂದು ಅಡ್ಡ ಹೊಡದಾನ." ಆಮೇಲೆ ಒರಟು ಅಕ್ಷರದ ಬದಿಗೆ ಬಂದು, ಕನ್ನಡಕ ಹಣೆಗೇರಿಸಿ, ಬೆರಳಾಡಿಸಿದರು. "ಇದು ಕಣ್ಣು ಮಂದ ಆದ ಮ್ಯಾಲೆ ಹೊಡದದ್ದು. ಅಕ್ಷರ ದೊಡ್ಡು ಮಾಡ್ಯಾನ ನೋಡ್ರಿ, ಪಾಪ. ಈಗ ನಾನೂ ದೊಡ್ಡವ ಹೊಡಿತೇನ್ರಿ."

ಅಯ್ಯೋ ದೇವರೇ! ರತ್ನಾಳ ನಾಲ್ಕನೆಯ ಅಧ್ಯಾಯವನ್ನು, ಆಕೆಯನ್ನು ಕಂಡೇ ಇರದ ಮನುಷ್ಯ, ನನ್ನ ಕಣ್ಣೆದುರು ಮೂರು ಮಾತಲ್ಲಿ ಹೇಳಿ ಮುಗಿಸಿದ್ದ. ನನ್ನ ಡೈರಿಯ ಅಕ್ಷರವೂ ಕಳೆದ ಐದು ವರ್ಷದಿಂದ ಜೋಳದ ಕಾಳಿನಿಂದ ಅವರೆಕಾಳಿನ ಗಾತ್ರಕ್ಕೆ ಬಂದಿದೆ. ಅದನ್ನು ನಾನು ಲಿಪಿಕಲೆಯ ಆದಿಕಾಲ ಎಂದೇನೂ ಕರೆದಿರಲಿಲ್ಲ.

ಆಗ ಊರ ಹಿರಿಯರೊಬ್ಬರು ಹಿಂದಿನಿಂದ, "ಲಗೂ ನೋಡಿ ಮುಗಸ್ರಿ ಅಕ್ಕಾರ, ಕಲಸಿದ ಸಿಮೆಂಟ ಗಟ್ಟಿ ಆಗಾಕತ್ತೇತಿ" ಎಂದರು.

ಇಲ್ಲಿ ನಾನು ನಿಮಗೆ ಸುಳ್ಳು ಹೇಳಬಾರದು. ಹೂಂ ಎಂದರೆ ಸಾಕು, ಕಲ್ಲುಗಳ ಬುಡ ಸಿಮೆಂಟಿನೊಳಗೆ ಹೋಗುತ್ತದೆ, ಬೆನ್ನು ಹೊಸ ಕಟ್ಟೆಯ ಗೋಡೆಗೆ ಅಂಟುತ್ತದೆ. ಇಮಾಮಸಾಬರು ಸಂಶೋಧನ ಪತ್ರಿಕೆಗೆ ಲೇಖನ ಬರೆಯುವವರಲ್ಲ. ನನ್ನ ಅಭಿನಂದನ ಗ್ರಂಥ ಅಚ್ಚಾಗುತ್ತಿದೆ, ಅದರ ಹೆಸರೇ 'ಎರಡು ಕೈಗಳು'. ಒಂದು ತಿಂಗಳು ಕಳೆದರೆ ಶಾಲು, ಹಣ್ಣಿನ ಬುಟ್ಟಿ, ಮನೆ. ಆಸೆ ಆಯಿತು, ಖಂಡಿತ ಆಯಿತು. ನಾಚಿಕೆಯಾದದ್ದು ಆಮೇಲೆ.

ಆದರೆ ಆ ನಾಲ್ಕು ಪೆಟ್ಟು ನೋಡುತ್ತಿದ್ದ ಹಾಗೆ ನನಗೆ ನಗು ಬಂತು. ಮೂವತ್ತು ವರ್ಷ ನನ್ನ ಹತ್ತಿರ ಇದ್ದದ್ದು ಎರಡು ಕೈ, ಅವುಗಳ ಹಿಂದೆ ಮನುಷ್ಯನೇ ಇರಲಿಲ್ಲ. ಈಗ ಇದ್ದಕ್ಕಿದ್ದಂತೆ ಒಬ್ಬ ಎದ್ದು ಬಂದಿದ್ದ! ಎಡಗೈಯಲ್ಲಿ ಸುತ್ತಿಗೆ ಹಿಡಿದವನು, ಪ್ರಾಯದಲ್ಲಿ ಮುತ್ತಿನಂಥ ಅಕ್ಷರ ಕೊರೆದವನು, ಕಣ್ಣು ಮಸುಕಾದರೂ ಉಳಿ ಕೆಳಗಿಡದವನು. ಇಂಥವನನ್ನು ಗುರುತು ಹಿಡಿದು ಮತ್ತೆ ಹೂಳುವುದೇ? ನನ್ನ ಕೈಲಾಗಲಿಲ್ಲ. "ಸಿಮೆಂಟ ಹಾಕಬ್ಯಾಡ್ರಿ, ನಿಲ್ಲಸ್ರಿ! ಎರಡು ದಿನಾ ಹಿಂಗ ಇರಲಿ!" ಎಂದು ಕೂಗಿದ ರಭಸಕ್ಕೆ ಗುಡಿಯ ಮೇಲಿನ ಪಾರಿವಾಳಗಳು ಹಾರಿದವು. ಅಲ್ಲಿಯೇ ನಿಂತು ರತ್ನಾಳಿಗೆ ಫೋನ್ ಹಚ್ಚಿದೆ.

"ರತ್ನಾ, ನಿನ್ನ ನಾಕನೇ ಅಧ್ಯಾಯ ಎಲ್ಲೈತಿ?"

"ನೀವು ತಗಿ ಅಂದ್ರಿ, ತಗದೆ."

"ತಗದು ಎಲ್ಲಿಟ್ಟಿ?"

"ಥೀಸಿಸ್‌ನಾಗಿಂದ ತಗದೇನ್ರಿ ಮೇಡಂ. ತಲ್ಯಾಗಿಂದ ತಗದಿಲ್ಲ."

ಮಧ್ಯಾಹ್ನದೊಳಗೆ ಆಕೆ ಬಂದಳು. ಬೆನ್ನು, ಬುಡ, ನಾಲ್ಕು ಪೆಟ್ಟು ಎಲ್ಲವನ್ನೂ ನೋಡಿದಳು. ಇಮಾಮಸಾಬರಿಗೆ ಹತ್ತಾರು ಪ್ರಶ್ನೆ ಕೇಳಿ ಬರೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಸಂಭ್ರಮದಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದೆ.

"ಇವರು ಹೇಳಿದ್ರ ಒಂದ ತಾಸಿನ್ಯಾಗ ಒಪ್ಪಿದ್ರಿ. ನಾ ಒಂದು ವರ್ಷ ಹೇಳಿದೆ, ಮೇಡಂ."

ನನ್ನ ನಗು ಅಲ್ಲೇ ಇಂಗಿತು. ಬುಡ ಆಗ ಮಣ್ಣಲ್ಲಿತ್ತು, ಯಾರಿಗೂ ಕಂಡಿರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಬೆನ್ನು ಮಣ್ಣಲ್ಲಿರಲಿಲ್ಲವಲ್ಲ, ಒಮ್ಮೆ ಕಲ್ಲು ಸುತ್ತಿ ಬಂದಿದ್ದರೆ ಸಾಕಿತ್ತು. "ತಪ್ಪಾತು, ರತ್ನಾ" ಎಂದೆ. ಮೌಖಿಕ ಪರೀಕ್ಷೆಯಲ್ಲಿ ಎಷ್ಟೋ ಮಂದಿಯಿಂದ ಈ ಮಾತು ಹೇಳಿಸಿದ್ದೇನೆ; ನಾನೇ ಹೇಳಿದಾಗ ತಿಳಿಯಿತು, ನಾಲಿಗೆಗೆ ಎಷ್ಟು ಭಾರ ಎಂದು. ಆಕೆ ತನ್ನ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನಗೆ, ಅರ್ಧ ಇಮಾಮಸಾಬರಿಗೆ ಕೊಟ್ಟಳು.

ಮರುದಿನ ವಿಭಾಗಕ್ಕೆ ಹೋಗಿ ಮುಖ್ಯಸ್ಥರಿಗೆ ವಿಷಯ ತಿಳಿಸಿದೆ. ಪಾಪ, ಒಳ್ಳೆಯ ಮನುಷ್ಯ, ಬೀಳ್ಕೊಡುಗೆಯ ಓಡಾಟವೆಲ್ಲ ಅವರದೇ. ಬೆವರು ಒರೆಸಿಕೊಂಡು, "ಮೇಡಂ, ಪುಸ್ತಕ ಅಚ್ಚಾಗಿ ಬೈಂಡಿಂಗಿಗೆ ಹೋಗೇತ್ರಿ. ಸಮಾರಂಭ ಒಂದು ಮುಗೀಲಿ, ಆಮ್ಯಾಲೆ ಬೇಕಾದಷ್ಟು ತಪ್ಪು ಒಪ್ಪಿಕೊಳ್ರಿ" ಎಂದರು. ನಾನು ಕೇಳಲಿಲ್ಲ. ನನ್ನ ಕಡೆಯ ಉಪನ್ಯಾಸಕ್ಕೆಂದು ಇಟ್ಟ ಒಂದು ತಾಸನ್ನು ರತ್ನಾಳ ಹೆಸರಿಗೆ ಬರೆಸಿದೆ.

ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. 'ಎರಡು ಕೈಗಳು' ಬಿಡುಗಡೆಯಾಯಿತು, ಎಲ್ಲರೂ ಎರಡೂ ಕೈ ಸೇರಿಸಿ ಚಪ್ಪಾಳೆ ಹೊಡೆದರು. ನಾನು ಎದ್ದು, ಈ ಗ್ರಂಥದಲ್ಲಿ ನನ್ನನ್ನು ಹೊಗಳಿದ್ದೆಲ್ಲ ಚೆನ್ನಾಗಿದೆ, ಹೊಗಳಲು ಕೊಟ್ಟ ಕಾರಣ ಮಾತ್ರ ತಪ್ಪು; ಸರಿ ಇದ್ದ ಅಧ್ಯಾಯವನ್ನು ನಾನೇ ತೆಗೆಸಿದ್ದೆ, ಬರೆದವಳು ಈಗ ಓದುತ್ತಾಳೆ ಎಂದು ಹೇಳಿ ಕೂತೆ. ರತ್ನಾ ಓದಿದಳು. ಹೇಗೆ ಓದಿದಳು ಅಂತೀರಿ! ಆ ಎಡಚ ಮುದುಕ ವೇದಿಕೆಯ ಮೇಲೆ ನಡೆದು ಬಂದಂತಾಯಿತು. ಮುಂದಿನ ಸಾಲಿನಲ್ಲಿದ್ದ ಇಮಾಮಸಾಬರು ಸಾಲು ಸಾಲಿಗೂ ತಲೆದೂಗುತ್ತಿದ್ದರು.

ಓದು ಮುಗಿಯಿತು. ನನ್ನ ಹಾಳು ಚಟ ಬಿಡಬೇಕಲ್ಲ, ಕೈ ಎತ್ತಿಯೇಬಿಟ್ಟೆ. "ಅಪ್ಪನೂ ಎಡಚ, ಮಗನೂ ಎಡಚ ಇದ್ದರ? ಉಳಿ ನೋಡೋ ರೀತಿನೂ ಮಗ ಅಪ್ಪನ ಕಡೆಯಿಂದ ಕಲ್ತಿರಬಹುದಲ್ಲ? ಆಗ ಮತ್ತ ಇಬ್ಬರಾದ್ರಲ್ಲ?" ಮುಖ್ಯಸ್ಥರು ತಲೆಯ ಮೇಲೆ ಕೈ ಹೊತ್ತರು.

ರತ್ನಾ ಎಂಟು ವರ್ಷದಲ್ಲಿ ಮೊದಲ ಬಾರಿ ನನ್ನ ಮುಖ ನೋಡಿ ನಕ್ಕಳು.

"ಪ್ರಶ್ನೆ ಛಲೋ ಐತ್ರಿ ಮೇಡಂ. ನನ್ನ ಹತ್ರ ಉತ್ತರ ಇಲ್ಲ. ನಾಳೆಯಿಂದ ನಿಮಗೆ ಬಿಡುವು ಐತೆಲ್ಲ, ಹುಡುಕಿ ಬರೀರಿ. ತಂದು ತೋರಸ್ರಿ, ನೋಡೂಣಂತ."

ಸಭೆ ಘೊಳ್ಳೆಂದಿತು. ನಾನು ಮಾತ್ರ ನಗಲಿಲ್ಲ, ಗಡುವು ಎಷ್ಟು ದಿನ ಎಂದು ಕೇಳಿದೆ. ಮರುದಿನ ಬೆಳಿಗ್ಗೆ, ಪಿಂಚಣಿಯ ಕಾಗದಪತ್ರ ಬದಿಗಿಟ್ಟು ಬರೆಯಲು ಕೂತೆ. ಯಜಮಾನರು ಚಹಾ ತಂದಿಟ್ಟು ಮತ್ತೊಮ್ಮೆ ಕೈ ಮುಗಿದು ಹೋದರು. ಹದಿನಾರು ಪುಟದ ಮೊದಲ ಕರಡು ಕಳೆದ ವಾರ ರತ್ನಾಳ ಕಾಲೇಜಿಗೆ ಹೋಗಿ ಕೊಟ್ಟು ಬಂದೆ. ನಿನ್ನೆ ವಾಪಸು ಬಂದಿದೆ. ಏಳನೆಯ ಪುಟದಿಂದ ಹನ್ನೊಂದರವರೆಗೆ ತೆಗೆಯಿರಿ ಎಂದು ಬರೆದಿದ್ದಾಳೆ. ಒಂದು ತಾಸು ಮನೆಯಲ್ಲೆಲ್ಲ ಓಡಾಡಿ ಅವಳನ್ನು ಬೈದೆ. ಆಮೇಲೆ ಕೂತು ಆ ಪುಟಗಳನ್ನು ಇನ್ನೊಮ್ಮೆ ಓದಿದೆ. ಅವಳು ಹೇಳಿದ್ದು ಸರಿ, ತೆಗೆಯುತ್ತಿದ್ದೇನೆ.